ಮೊಬೈಲ್‌ನಲ್ಲಿ ಲೋಲಕದ ಪ್ರಯೋಗ: ರೀಡಿಂಗ್ ನಿಮ್ಮದೇ ಆಗಿರಲಿ

ಮೊದಲ ಪಿಯುಸಿ ಭೌತಶಾಸ್ತ್ರದ ಪ್ರಾಕ್ಟಿಕಲ್ ಅಂದರೆ ತುಂಬ ಜನರಿಗೆ ಮೊದಲು ನೆನಪಾಗುವುದು ಸರಳ ಲೋಲಕ. ಒಂದು ದಾರ, ತುದಿಯಲ್ಲಿ ಲೋಹದ ಗುಂಡು, ಕೈಯಲ್ಲಿ ಸ್ಟಾಪ್‌ವಾಚ್. ಇಷ್ಟು ಸುಲಭದ ಪ್ರಯೋಗವನ್ನೂ ಸ್ವಂತ ಕೈಯಿಂದ ಮಾಡದೆ ಪಾಸಾಗುವವರು ಬಹಳ ಜನ ಇದ್ದಾರೆ. ಬ್ಯಾಚ್ ದೊಡ್ಡದು, ಸ್ಟ್ಯಾಂಡ್ ಕಡಿಮೆ. ಒಬ್ಬರು ಅಳೆಯುತ್ತಾರೆ, ಉಳಿದವರು ಬರೆದುಕೊಳ್ಳುತ್ತಾರೆ. ಕೆಲವರಂತೂ ಉತ್ತರ, ಅಂದರೆ ಗುರುತ್ವ (ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಎಷ್ಟು ಮೀಟರ್/ಸೆಕೆಂಡ್ ಹೆಚ್ಚುತ್ತದೆ ಅನ್ನುವುದು), 9.8 ಬರಬೇಕು ಅಂತ ಮೊದಲೇ ಗೊತ್ತಿರುವುದರಿಂದ ಹಿಂದಿನಿಂದ ಲೆಕ್ಕ ಹಾಕಿ ರೀಡಿಂಗ್ ತುಂಬಿಸುತ್ತಾರೆ. ರೆಕಾರ್ಡ್ ಪುಸ್ತಕ ಚೆನ್ನಾಗಿ ಕಾಣುತ್ತದೆ. ಆದರೆ ಅಳೆಯುವುದು ಅಂದರೇನು ಅನ್ನುವುದೇ ಗೊತ್ತಾಗದೆ ಮಕ್ಕಳು ಡಿಗ್ರಿಗೆ ಬರುತ್ತಾರೆ. ಇದು ನಿಜಕ್ಕೂ ದೊಡ್ಡ ನಷ್ಟ.

ಆನ್‌ಲೈನ್ ಸಿಮ್ಯುಲೇಶನ್, ಅಂದರೆ ಪರದೆಯ ಮೇಲೇ ನಡೆಸುವ ಪ್ರಯೋಗ, ಇಲ್ಲಿ ಒಂದು ಒಳ್ಳೆಯ ದಾರಿ. ಪ್ರತಿಯೊಬ್ಬರಿಗೂ ಅವರದೇ ಲೋಲಕ ಸಿಗುತ್ತದೆ. ಆದರೆ ಒಂದು ಅಪಾಯವೂ ಇದೆ. ಸುಮ್ನೆ ಬಟನ್ ಒತ್ತುತ್ತಾ ಹೋದರೆ ಹತ್ತು ನಿಮಿಷದಲ್ಲಿ ಎಲ್ಲ ಮುಗಿದು ತಲೆಗೆ ಏನೂ ಇಳಿದಿರುವುದಿಲ್ಲ. ಹಾಗಾಗದಂತೆ ಇದೇ ಪ್ರಯೋಗವನ್ನು ಹೇಗೆ ಮಾಡಬಹುದು, ನೋಡೋಣ.

ಏನು ಬೇಕು

ನಾನು ಇಲ್ಲಿ ಬಳಸುತ್ತಿರುವುದು ಫೆಟ್‌ನ ‘ಪೆಂಡ್ಯುಲಮ್ ಲ್ಯಾಬ್’. ಫೆಟ್ ಅಮೆರಿಕದ ಕೊಲರಾಡೋ ಬೌಲ್ಡರ್ ವಿಶ್ವವಿದ್ಯಾಲಯದ ಯೋಜನೆ. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡ ಕಾರ್ಲ್ ವೀಮನ್ ಇದನ್ನು 2002ರಲ್ಲಿ ಶುರು ಮಾಡಿದರು. ದುಡ್ಡು ಕೊಡಬೇಕಿಲ್ಲ. ಸಾಧಾರಣ ಮೊಬೈಲ್‌ನ ಬ್ರೌಸರ್‌ನಲ್ಲೇ ತೆರೆಯುತ್ತದೆ. ಒಮ್ಮೆ ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಸಿಗ್ನಲ್ ಕೈಕೊಡುವ ಊರಿನ ಶಾಲೆಗಳಿಗೆ ಇದು ತುಂಬ ಅನುಕೂಲ. ಕೆಲವು ಸಿಮ್ಯುಲೇಶನ್‌ಗಳು ಕನ್ನಡದಲ್ಲೂ ಇವೆ. ಅಮೃತ ವಿಶ್ವವಿದ್ಯಾಪೀಠ ಮತ್ತು ಮುಂಬೈನ ಸಿ-ಡ್ಯಾಕ್ ಸೇರಿ ಮಾಡಿರುವ ‘ಓಲ್ಯಾಬ್ಸ್’ನಲ್ಲಿಯೂ ಲೋಲಕದ ಪ್ರಯೋಗ ಇದೆ. ಅದು ನಮ್ಮ 9ರಿಂದ 12ನೇ ತರಗತಿಯ ಪಠ್ಯಕ್ಕೆ ಹತ್ತಿರ. ಯಾವುದಾದರೂ ಸರಿ, ಮಾಡುವ ಕ್ರಮ ಒಂದೇ.

ಇದರ ಜೊತೆಗೆ ಒಂದು ನೋಟ್‌ಬುಕ್, ಗ್ರಾಫ್ ಹಾಳೆ, ಒಂದು ಮೀಟರಿಗಿಂತ ಉದ್ದದ ದಾರ ಮತ್ತು ಮನೆಯಲ್ಲಿರುವ ಒಂದು ಬೀಗ ಇಟ್ಟುಕೊಳ್ಳಿ. ದಾರ, ಬೀಗ ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಊಹೆ, ಆಮೇಲೆ ಬಟನ್

ಗುಂಡನ್ನು ಮುಟ್ಟುವ ಮೊದಲೇ ಮೂರು ಪ್ರಶ್ನೆಗೆ ಪೆನ್ನಿನಲ್ಲಿ ಉತ್ತರ ಬರೆಯಿರಿ. ಗುಂಡಿನ ತೂಕ ಎರಡು ಪಟ್ಟು ಮಾಡಿದರೆ ಒಂದು ಆಂದೋಲನಕ್ಕೆ (ಗುಂಡು ಒಮ್ಮೆ ಹೋಗಿ ವಾಪಸ್ ಬರುವುದಕ್ಕೆ) ಹಿಡಿಯುವ ಸಮಯ ಏನಾಗುತ್ತದೆ? ದಾರದ ಉದ್ದ ನಾಲ್ಕು ಪಟ್ಟು ಮಾಡಿದರೆ? ಜಾಸ್ತಿ ಎಳೆದು ಬಿಟ್ಟರೆ? ಯಾಕೆ ಹಾಗೆ ಅನ್ನಿಸುತ್ತದೆ ಅನ್ನುವುದನ್ನೂ ಒಂದು ಸಾಲಿನಲ್ಲಿ ಬರೆಯಿರಿ.

ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ಭಾರದ ಗುಂಡು ಬೇಗ ತೂಗುತ್ತದೆ ಅಂತ ತುಂಬ ಜನ ಬರೆಯುತ್ತಾರೆ. ಆಮೇಲೆ ಸಿಮ್ಯುಲೇಶನ್‌ನಲ್ಲಿ ಎರಡು ಲೋಲಕ ಅಕ್ಕಪಕ್ಕ ಇಟ್ಟು, ಉದ್ದ ಒಂದೇ ಮಾಡಿ, ತೂಕ ಮಾತ್ರ ಬೇರೆ ಕೊಟ್ಟು ನೋಡಿದಾಗ ಎರಡೂ ಜೊತೆಜೊತೆಯಾಗಿ ತೂಗುತ್ತವೆ. ಮೊದಲೇ ಬರೆದಿಟ್ಟವರಿಗೆ ಮಾತ್ರ ಅಲ್ಲಿ ಆಶ್ಚರ್ಯ ಆಗುತ್ತದೆ. ಬರೆಯದವರು ‘ಓ, ನನಗೆ ಗೊತ್ತಿತ್ತು’ ಅಂದುಕೊಂಡು ಮುಂದೆ ಹೋಗುತ್ತಾರೆ.

ಇಪ್ಪತ್ತು ಆಂದೋಲನ ಎಣಿಸುವುದು

ಈಗ ಅಳತೆ. ‘ಲ್ಯಾಬ್’ ಪರದೆಗೆ ಹೋಗಿ. ಗುರುತ್ವ ಭೂಮಿಯದ್ದು ಇರಲಿ, ಘರ್ಷಣೆ ಸೊನ್ನೆ ಇರಲಿ. ಉದ್ದ 1 ಮೀಟರ್ ಮಾಡಿ. ಗುಂಡನ್ನು ಹಿಡಿದು 10 ಡಿಗ್ರಿಯಷ್ಟು ಎಳೆದು ಬಿಡಿ.

ಅವಧಿಯನ್ನು, ಅಂದರೆ ಒಂದು ಆಂದೋಲನದ ಸಮಯವನ್ನು, ತಾನೇ ಅಳೆದು ತೋರಿಸುವ ಟೈಮರ್ ಒಂದು ಅಲ್ಲಿದೆ. ಅದನ್ನು ಈಗಲೇ ಬಳಸಬೇಡಿ. ಮಾಮೂಲಿ ಸ್ಟಾಪ್‌ವಾಚ್ ತೆಗೆದುಕೊಳ್ಳಿ, ಅದೂ ಸಿಮ್ಯುಲೇಶನ್ ಒಳಗಿನದ್ದೇ ಆಗಿರಲಿ. ಹಳೆಯ ಮೊಬೈಲ್‌ನಲ್ಲಿ ಚಿತ್ರ ತಡವರಿಸಿದರೆ ಹೊರಗಿನ ಗಡಿಯಾರಕ್ಕೂ ಒಳಗಿನ ಸಮಯಕ್ಕೂ ತಾಳೆ ಆಗುವುದಿಲ್ಲ.

ಒಂದೇ ಆಂದೋಲನ ಯಾಕೆ ಅಳೆಯಬಾರದು? ಕಣ್ಣು ನೋಡಿ ಬೆರಳು ಒತ್ತುವಷ್ಟರಲ್ಲಿ ಸುಮಾರು 0.2 ಸೆಕೆಂಡ್ ಹೋಗುತ್ತದೆ. ಒಂದು ಮೀಟರಿನ ಲೋಲಕದ ಅವಧಿ ಸುಮಾರು 2 ಸೆಕೆಂಡ್. ಅದರಲ್ಲಿ 0.2 ತಪ್ಪಿದರೆ ಶೇ 10 ತಪ್ಪು. ಗುರುತ್ವದ ಲೆಕ್ಕದಲ್ಲಿ (4 × ಪೈ ವರ್ಗ × ಉದ್ದ ÷ ಅವಧಿಯ ವರ್ಗ) ಅವಧಿಯ ವರ್ಗ ಬರುವುದರಿಂದ ಅದು ಶೇ 20 ಆಗುತ್ತದೆ. ಅದೇ 20 ಆಂದೋಲನಕ್ಕೆ 40 ಸೆಕೆಂಡ್. 40ರಲ್ಲಿ 0.2 ತಪ್ಪಿದರೆ ಶೇ 0.5 ಮಾತ್ರ.

ಎಲ್ಲಿಂದ ಎಣಿಸಬೇಕು ಅನ್ನುವುದೂ ಮುಖ್ಯ. ಗುಂಡು ತುದಿಯಲ್ಲಿ ನಿಂತಂತೆ ಕಾಣುವಾಗ ಎಣಿಸುವುದು ಸುಲಭ ಅನ್ನಿಸುತ್ತದೆ. ಆದರೆ ಅಲ್ಲಿ ಅದು ತುಂಬ ನಿಧಾನ. ತಿರುಗಿದ್ದು ಯಾವ ಕ್ಷಣ ಅಂತ ಹೇಳುವುದು ಕಷ್ಟ. ನಡುವಿನ ಗೆರೆ ದಾಟುವಾಗ ವೇಗ ಅತಿ ಹೆಚ್ಚು, ಹಾಗಾಗಿ ದಾಟಿದ ಕ್ಷಣ ಸ್ಪಷ್ಟ. ಗುಂಡು ಎಡದಿಂದ ಬಲಕ್ಕೆ ನಡುಗೆರೆ ದಾಟುವಾಗ ವಾಚ್ ಒತ್ತಿ, ‘ಸೊನ್ನೆ’ ಅನ್ನಿ. ಮತ್ತೆ ಅದೇ ದಿಕ್ಕಿನಲ್ಲಿ ದಾಟಿದಾಗ ‘ಒಂದು’.

ಸೊನ್ನೆ ಅನ್ನುವುದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಶುರುವಿನಲ್ಲೇ ‘ಒಂದು’ ಅಂದರೆ ‘ಇಪ್ಪತ್ತು’ ಅನ್ನುವ ಹೊತ್ತಿಗೆ ನಿಜವಾಗಿ ಆಗಿರುವುದು 19 ಆಂದೋಲನ. ಒಂದು ಮೀಟರಿಗೆ ಸುಮಾರು 40 ಸೆಕೆಂಡ್ ಬರಬೇಕಾದಲ್ಲಿ ಸುಮಾರು 38 ಬರುತ್ತದೆ. ಅದನ್ನು 20ರಿಂದ ಭಾಗಿಸಿ ಲೆಕ್ಕ ಮುಗಿಸಿದರೆ ಗುರುತ್ವ 9.8ರ ಬದಲು 10.9ರ ಹತ್ತಿರ ಸಿಗುತ್ತದೆ. ಯಾರದಾದರೂ ಉತ್ತರ ಹೀಗೆ 10.9ರ ಆಸುಪಾಸಿನಲ್ಲಿ ಬಂದರೆ ಮೊದಲು ನೋಡಬೇಕಾದ್ದು ಎಣಿಕೆಯನ್ನು.

ಒಂದೊಂದು ಉದ್ದಕ್ಕೂ ಮೂರು ಸಲ ಅಳೆದು ಮೂರನ್ನೂ ಬರೆಯಿರಿ. 39.9, 40.3, 40.1 ಹೀಗೆ ಬಂದರೆ ಹಾಗೇ ಇರಲಿ, ತಿದ್ದಬೇಡಿ. ಈ ಏರುಪೇರೇ ನಿಮ್ಮ ಕೈಯ ಅಳತೆ ಎಷ್ಟು ನಂಬಿಕಸ್ಥ ಅನ್ನುವುದನ್ನು ಹೇಳುವುದು. ಮೂರೂ ಸಲ ದಶಾಂಶದವರೆಗೆ ಒಂದೇ ಸಂಖ್ಯೆ ಬರೆದ ರೆಕಾರ್ಡ್ ನೋಡಿದರೆ ನನಗೆ ಅನುಮಾನ ಬರುತ್ತದೆ. ಇಷ್ಟಾದ ಮೇಲೆ ಬೇಕಿದ್ದರೆ ಆ ತಾನೇ ಅಳೆಯುವ ಟೈಮರ್ ತೆರೆದು ಹೋಲಿಸಿ.

ಗ್ರಾಫ್

0.40, 0.60, 0.80, 1.00 ಮೀಟರ್, ನಡುವೆ ಇನ್ನೊಂದೆರಡು ಉದ್ದ. ಉದ್ದ ಬದಲಾಗುವಾಗ ಬೇರೆ ಏನೂ ಬದಲಾಗಬಾರದು. ಉದ್ದವನ್ನು ಅಡ್ಡ ಗೆರೆಯ ಮೇಲೆ, ಅವಧಿಯ ವರ್ಗವನ್ನು ಲಂಬ ಗೆರೆಯ ಮೇಲೆ ಗುರುತಿಸಿ. ಚುಕ್ಕಿಗಳು ಸೊನ್ನೆಯಿಂದ ಹೊರಟ ಒಂದೇ ಗೆರೆಯ ಮೇಲೆ ಕೂರುತ್ತವೆ. ಅದರ ಸ್ಲೋಪ್ (ಇಳಿಜಾರು) 4.02ರ ಹತ್ತಿರ ಇರುತ್ತದೆ. 4 ಸಲ ಪೈ ವರ್ಗ ಅಂದರೆ 39.48. ಅದನ್ನು ಸ್ಲೋಪಿನಿಂದ ಭಾಗಿಸಿದರೆ ಗುರುತ್ವ ಸಿಗುತ್ತದೆ. ಸಿಮ್ಯುಲೇಶನ್‌ನ ಭೂಮಿಗೆ ಅದು 9.81.

ಪಠ್ಯಪುಸ್ತಕದ ಆ ಒಂದು ಸಾಲು

ಆಂದೋಲನದ ಅವಧಿ ಎಳೆತದ ಮೇಲೆ ನಿಂತಿಲ್ಲ ಅಂತ ನಾವೆಲ್ಲ ಬಾಯಿಪಾಠ ಮಾಡುತ್ತೇವೆ. ‘ಕೋನ ಚಿಕ್ಕದಿದ್ದರೆ’ ಅನ್ನುವ ಮಾತು ಪುಸ್ತಕದಲ್ಲಿ ಇರುತ್ತದೆ, ಆದರೆ ಅದನ್ನು ಯಾರೂ ಪರೀಕ್ಷಿಸಿ ನೋಡುವುದಿಲ್ಲ. ಈಗ ನೋಡಿ. ಒಂದು ಮೀಟರಿನ ಅದೇ ಲೋಲಕ. 10 ಡಿಗ್ರಿಯಿಂದ ಬಿಟ್ಟರೆ 20 ಆಂದೋಲನಕ್ಕೆ ಸುಮಾರು 40.2 ಸೆಕೆಂಡ್. 30 ಡಿಗ್ರಿಯಿಂದ ಬಿಟ್ಟರೆ ಸುಮಾರು 40.8. 60 ಡಿಗ್ರಿಯಿಂದ ಬಿಟ್ಟರೆ 43 ಸೆಕೆಂಡ್ ದಾಟುತ್ತದೆ! ಮೂರು ಸೆಕೆಂಡಿನ ಅಂತರ ಯಾರ ಕೈಗೂ ಸಿಗುತ್ತದೆ.

ಇದನ್ನು ನಿಜವಾದ ಲ್ಯಾಬ್‌ನಲ್ಲಿ ತೋರಿಸುವುದು ಕಷ್ಟ. ಗಾಳಿ ತಡೆಯುವುದರಿಂದ 20 ಆಂದೋಲನ ಮುಗಿಯುವ ಮೊದಲೇ ಕೋನ ಕಿರಿದಾಗುತ್ತದೆ. ಘರ್ಷಣೆಯನ್ನು ಪೂರ್ತಿ ತೆಗೆದುಹಾಕುವ ಅನುಕೂಲ ಪರದೆಯ ಮೇಲೆ ಮಾತ್ರ ಇದೆ. ಸಿಮ್ಯುಲೇಶನ್‌ಗೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ಕಂಡಿಲ್ಲ.

ಅಧ್ಯಾಪಕರಿಗೆ

ಅಸೈನ್‌ಮೆಂಟ್ ಕೊಡುವಾಗ ‘ಗುರುತ್ವ ಕಂಡುಹಿಡಿಯಿರಿ’ ಅಂತ ಕೊಟ್ಟರೆ ಎಲ್ಲರೂ 9.8 ಬರೆದು ತರುತ್ತಾರೆ. ಅದರ ಬದಲು ಪ್ಲಾನೆಟ್ ಎಕ್ಸ್ ಕೊಡಿ. ಚಂದ್ರ, ಭೂಮಿ, ಗುರು ಗ್ರಹದ ಜೊತೆಗೆ ಸಿಮ್ಯುಲೇಶನ್‌ನಲ್ಲಿ ಈ ಹೆಸರಿಲ್ಲದ ಗ್ರಹವೂ ಇದೆ. ಅದರ ಗುರುತ್ವ ಎಷ್ಟು ಅಂತ ಪರದೆ ತೋರಿಸುವುದಿಲ್ಲ. ಅಳೆದೇ ಕಂಡುಹಿಡಿಯಬೇಕು. ಅದಕ್ಕೇ ಉತ್ತರವನ್ನು ನಾನೂ ಇಲ್ಲಿ ಬರೆಯುತ್ತಿಲ್ಲ. ಮೊದಲು ಗೊತ್ತಿರುವ ಎರಡು ಕಡೆ ಕೈ ಪಳಗಿಸಿಕೊಳ್ಳಲಿ. ಒಂದು ಮೀಟರಿನ ಲೋಲಕ ಚಂದ್ರನ ಮೇಲೆ ಒಂದು ಆಂದೋಲನಕ್ಕೆ ಸುಮಾರು 4.9 ಸೆಕೆಂಡ್ ತೆಗೆದುಕೊಳ್ಳುತ್ತದೆ, ಗುರು ಗ್ರಹದಲ್ಲಿ ಸುಮಾರು 1.3.

ರೋಲ್ ನಂಬರ್ ಪ್ರಕಾರ ಬೇರೆ ಬೇರೆ ಉದ್ದ ಹಂಚಿ. ಕೊನೆಗೆ ಎಲ್ಲರ ಚುಕ್ಕಿಯನ್ನೂ ಬೋರ್ಡಿನ ಮೇಲೆ ಒಂದೇ ಗ್ರಾಫ್‌ನಲ್ಲಿ ಹಾಕಿಸಿ. ಗೆರೆಯಿಂದ ದೂರ ಬಿದ್ದ ಚುಕ್ಕಿಯವರು ತಮ್ಮ ಎಣಿಕೆಯನ್ನು ತಾವೇ ಮತ್ತೆ ನೋಡಿಕೊಳ್ಳುತ್ತಾರೆ. ಅಂಕವನ್ನು ಉತ್ತರಕ್ಕಿಂತ ಊಹೆ, ಮೂರು ರೀಡಿಂಗ್ ಮತ್ತು ‘ನನ್ನ ಅಳತೆ ಎಷ್ಟು ತಪ್ಪಿರಬಹುದು’ ಅನ್ನುವ ಸಾಲಿಗೆ ಜಾಸ್ತಿ ಕೊಡಿ. ಅಂಕ ಎಲ್ಲಿದೆಯೋ ಮಕ್ಕಳ ಗಮನ ಅಲ್ಲಿಗೇ ಹೋಗುತ್ತದೆ ಅಲ್ವಾ?

ಈಗ ದಾರ, ಬೀಗ

ಪರದೆಯಲ್ಲಿ ಗ್ರಾಫ್ ಸೊನ್ನೆಯಿಂದಲೇ ಹೊರಟಿತು. ಯಾಕೆಂದರೆ ಅಲ್ಲಿ ಉದ್ದ ಅಂದರೆ ಗುಂಡಿನ ನಡುಬಿಂದುವರೆಗಿನ ಉದ್ದ. ಸಿಮ್ಯುಲೇಶನ್ ಅದನ್ನು ನಿಮ್ಮ ಪರವಾಗಿ ಮೊದಲೇ ಅಳೆದಿಟ್ಟಿದೆ. ಬೀಗದ ತೂಕದ ನಡುಬಿಂದು ಎಲ್ಲಿದೆ ಅಂತ ನಿಮಗೆ ಯಾರು ಹೇಳುತ್ತಾರೆ?

ಬೀಗವನ್ನು ದಾರಕ್ಕೆ ಕಟ್ಟಿ, ಕಿಟಕಿಯ ಸರಳಿಗೆ ಬಿಗಿಯಾಗಿ ತೂಗುಹಾಕಿ. ಗಂಟು ಅಲುಗಾಡಬಾರದು. ದಾರದ ಉದ್ದವನ್ನು ಮಾತ್ರ ಅಳೆಯಿರಿ, ಬೀಗದ ಕೊಂಡಿಯವರೆಗೆ. ನಾಲ್ಕೈದು ಉದ್ದಕ್ಕೆ 20 ಆಂದೋಲನದ ಸಮಯ ತೆಗೆದು ಅದೇ ಗ್ರಾಫ್ ಹಾಕಿ. ಈ ಸಲವೂ ನೇರ ಗೆರೆಯೇ ಬರುತ್ತದೆ, ಆದರೆ ಸೊನ್ನೆಯ ಮೂಲಕ ಹೋಗುವುದಿಲ್ಲ. ಸ್ವಲ್ಪ ಮೇಲೆ ಕಡಿಯುತ್ತದೆ. ಗೆರೆಯನ್ನು ಎಡಕ್ಕೆ ಎಳೆದುಕೊಂಡು ಹೋದರೆ ಅಡ್ಡ ಗೆರೆಯನ್ನು ಸೊನ್ನೆಗಿಂತ ಹಿಂದೆ ಮುಟ್ಟುತ್ತದೆ. 4 ಸೆಂಟಿಮೀಟರ್ ಹಿಂದೆ ಮುಟ್ಟಿದರೆ, ಬೀಗದ ನಡುಬಿಂದು ಕೊಂಡಿಯಿಂದ ಸುಮಾರು 4 ಸೆಂಟಿಮೀಟರ್ ಕೆಳಗಿದೆ ಅಂತ ಅರ್ಥ. ನೀವು ಅಳೆಯದೇ ಇದ್ದದ್ದನ್ನೂ ಗ್ರಾಫ್ ಹೇಳಿಬಿಟ್ಟಿತು! ಇನ್ನೊಂದು ಸಂತೋಷದ ಸಂಗತಿ: ಸ್ಲೋಪ್ ಕೆಡುವುದಿಲ್ಲ, ಹಾಗಾಗಿ ಗುರುತ್ವದ ಉತ್ತರವೂ ಕೆಡುವುದಿಲ್ಲ. ಒಂದೇ ರೀಡಿಂಗ್ ಸಾಲದು, ಗ್ರಾಫ್ ಬೇಕು ಅಂತ ಮೇಷ್ಟ್ರು ಹೇಳುವುದು ಇದಕ್ಕೇ.

ಕೈ ಕುದುರಿದವರಿಗೆ ಇನ್ನೂ ಒಂದು ಕೆಲಸ ಇದೆ. ಸಿಮ್ಯುಲೇಶನ್‌ನ ಭೂಮಿಯಲ್ಲಿ ಗುರುತ್ವ 9.81. ಬೆಂಗಳೂರಿನಲ್ಲಿ ಅದು ಸುಮಾರು 9.78. ಭೂಮಧ್ಯರೇಖೆಗೆ ಹತ್ತಿರ ಇದ್ದಷ್ಟೂ ಗುರುತ್ವ ಕಡಿಮೆ. ಬೆಂಗಳೂರು ಎತ್ತರದಲ್ಲೂ ಇರುವುದರಿಂದ ಇನ್ನೂ ಸ್ವಲ್ಪ ಕಡಿಮೆ. 1672ರಲ್ಲಿ ಜಾನ್ ರಿಷೆ ಎಂಬ ಫ್ರೆಂಚ್ ಖಗೋಳ ವಿಜ್ಞಾನಿ ದಕ್ಷಿಣ ಅಮೆರಿಕದ ಕೇಯೆನ್‌ಗೆ ಹೋದಾಗ ಪ್ಯಾರಿಸ್‌ನಲ್ಲಿ ಸರಿಯಾಗಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬಿತ್ತು. ಲೋಲಕವನ್ನು ಸುಮಾರು 3 ಮಿಲಿಮೀಟರ್ ಗಿಡ್ಡ ಮಾಡಬೇಕಾಯಿತು. 2 ಸೆಕೆಂಡ್ ಅವಧಿಯ ಲೋಲಕಕ್ಕೆ ಸಿಮ್ಯುಲೇಶನ್‌ನಲ್ಲಿ 99.4 ಸೆಂಟಿಮೀಟರ್ ಉದ್ದ ಬೇಕು, ಬೆಂಗಳೂರಿನಲ್ಲಿ 99.1. ಇಲ್ಲೂ ಅದೇ 3 ಮಿಲಿಮೀಟರ್.

ಇಷ್ಟು ಸಣ್ಣ ವ್ಯತ್ಯಾಸ ಮನೆಯ ದಾರಕ್ಕೆ ಸಿಗುತ್ತದೆಯೇ? 20ರ ಬದಲು 100 ಆಂದೋಲನ ಎಣಿಸಿ. 200 ಸೆಕೆಂಡಿನಲ್ಲಿ 0.2 ತಪ್ಪು ಅಂದರೆ ಶೇ 0.1. ಉದ್ದವನ್ನು ಮಿಲಿಮೀಟರ್‌ವರೆಗೆ ಅಳೆಯಿರಿ, ಹಿಗ್ಗದ ದಾರ ಹುಡುಕಿ. ಕೋನದ ಬಗ್ಗೆ ಮಾತ್ರ ತುಂಬ ಎಚ್ಚರ. 10 ಡಿಗ್ರಿಯಿಂದ ಬಿಟ್ಟರೆ ಅವಧಿ ಶೇ 0.19 ಹೆಚ್ಚುತ್ತದೆ, ಗುರುತ್ವ ಶೇ 0.38 ಕಡಿಮೆ ಬಂದಂತೆ ಕಾಣುತ್ತದೆ. ನೀವು ಹುಡುಕುತ್ತಿರುವ ವ್ಯತ್ಯಾಸವೇ ಶೇ 0.3. ಆದ್ದರಿಂದ 5 ಡಿಗ್ರಿ ದಾಟಬೇಡಿ. ಒಂದು ಮೀಟರಿನ ದಾರಕ್ಕೆ ಅದು ಪಕ್ಕಕ್ಕೆ ಸುಮಾರು 9 ಸೆಂಟಿಮೀಟರ್ ಎಳೆದಷ್ಟು.