ಕಾಫಿ ಕಣದ ಗೆರೆಯಿಂದ ಅಗಸ್ತ್ಯನನ್ನು ಕಂಡದ್ದು

ಮೂಡಿಗೆರೆ ಕಡೆಯ ನಮ್ಮ ತೋಟದ ಕಣದಿಂದ ದಕ್ಷಿಣದಲ್ಲಿ ತಗ್ಗಿನಲ್ಲೇ ಕಾಣುವ ಅಗಸ್ತ್ಯ (ಕ್ಯಾನೊಪಸ್) ನಕ್ಷತ್ರ ಕಾಣಲು ಸಾಧ್ಯವೇ ಇಲ್ಲವೆಂದು ನನ್ನ ಭಾವನವರೂ ಪಕ್ಕದ ತೋಟದವರೂ ನಾಲ್ಕು ವರ್ಷ ವಾದಿಸಿದರು. ದಕ್ಷಿಣಕ್ಕೆ ಗುಡ್ಡ, ಗುಡ್ಡದ ಮೇಲೆ ಸಿಲ್ವರ್ ಓಕ್ ಸಾಲು, ರಾತ್ರಿ ಹತ್ತರ ಮೇಲೆ ಮಂಜು. "ಅಗಸ್ತ್ಯನ್ನ ನೋಡ್ಬೇಕಾದ್ರೆ ಅರಸೀಕೆರೆ ಕಡೆ ಬಯಲಿಗೆ ಹೋಗು ಮಾರಾಯ" ಎಂಬುದು ಭಾವನವರ ಮಾತು. ಹೋದ ಫೆಬ್ರವರಿಯಲ್ಲಿ ಅವರಿಬ್ಬರನ್ನೂ ಅದೇ ಕಣದಲ್ಲಿ ಚಾಪೆಯ ಮೇಲೆ ಮಲಗಿಸಿ, ಗಡಿಯಾರ ನೋಡಿ, ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿ ಅಗಸ್ತ್ಯನನ್ನು ತೋರಿಸಿದೆ. ಪಡುಗಡೆಯ ತೋಟಗಳಲ್ಲಿ ಹೀಗೆ ಲೆಕ್ಕ ಹಾಕಿ ತೋರಿಸಿದವರು ಬೇರೆ ಯಾರೂ ನನಗೆ ಗೊತ್ತಿಲ್ಲ.

ಅದಕ್ಕೆ ಮೊದಲು ಕಳೆದುಕೊಂಡ ಹಣ ಸಣ್ಣದಲ್ಲ. ಸೆಕೆಂಡ್ ಹ್ಯಾಂಡ್ ದೂರದರ್ಶಕವೊಂದಕ್ಕೆ ಸುಮಾರು 9,000 ರೂಪಾಯಿ ಕೊಟ್ಟಿದ್ದೆ. ಅದರ ಕಾಲುಗಳು ಎಷ್ಟು ಅಲುಗಾಡುತ್ತಿದ್ದವೆಂದರೆ ಇರುಳಿನ ಅತಿ ಪ್ರಕಾಶದ ಲುಬ್ಧಕನಂಥ (ಸಿರಿಯಸ್) ನಕ್ಷತ್ರವೂ ಕಣ್ಣೆದುರು ಎರಡು ಕ್ಷಣ ನಿಲ್ಲುತ್ತಿರಲಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮಸೂರದ ಒಳಗೆ ಬೂಷ್ಟು ಹಬ್ಬಿತು. ತೆಗೆದುಕೊಡಲು ಎರಡೂವರೆ ಸಾವಿರ ಕೇಳಿದರು. ಈಗ ಅದು ಅಟ್ಟದ ಮೇಲಿದೆ. ಆಮೇಲೆ ಮೊಬೈಲ್ ಆ್ಯಪ್ ನಂಬಿದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ತಗಡು ಮತ್ತು ಕಬ್ಬಿಣದ ಪಕ್ಕದಲ್ಲಿ ಅದರ ದಿಕ್ಸೂಚಿ ದಾರಿ ತಪ್ಪಿ, ಒಂದು ಇಡೀ ರಾತ್ರಿ ನಾನು ದಕ್ಷಿಣವೆಂದುಕೊಂಡು ಆಗ್ನೇಯವನ್ನು ಜಾಲಾಡಿದೆ. ಉತ್ತರದ ದೇಶಗಳಿಗಾಗಿ ಬರೆದ ನಕ್ಷೆಗಳೂ ಕೈಕೊಟ್ಟವು. ಅಲ್ಲಿ ಮಹಾವ್ಯಾಧ (ಓರಿಯನ್ ನಕ್ಷತ್ರಪುಂಜ) ದಕ್ಷಿಣದ ಆಕಾಶದಲ್ಲಿ ನೆಟ್ಟಗೆ ನಿಂತಿರುತ್ತಾನೆ. ನಮ್ಮಲ್ಲಿ ಅವನು ಪೂರ್ವದಲ್ಲಿ ಅಡ್ಡ ಮಲಗಿ ಹುಟ್ಟಿ, ನಡುಪಟ್ಟಿಯನ್ನು ಬಹುಮಟ್ಟಿಗೆ ನೆತ್ತಿಗೇ ತರುತ್ತಾನೆ. ಕತ್ತೆತ್ತಿ ಒಂದು ಸುತ್ತು ತಿರುಗಿದರೆ ಎಡಬಲಗಳೇ ಮರೆತುಹೋಗುತ್ತವೆ.

ಹಾಗಾಗಿ ಮೊದಲು ದಿಕ್ಕು ಗಟ್ಟಿಯಾಗಬೇಕೆಂದು ತೀರ್ಮಾನಿಸಿದೆ. ಧ್ರುವ ನಕ್ಷತ್ರ ನಮಗೆ 13 ಡಿಗ್ರಿಯಷ್ಟೇ ಎತ್ತರದಲ್ಲಿರುವುದರಿಂದ ಅದು ಮರಗಳ ಹಿಂದೆಯೇ ಉಳಿಯುತ್ತದೆ. ನಾನು ಹಗಲಿನ ಹಳೆಯ ಶಂಕುವಿನ ವಿಧಾನವನ್ನು ಹಿಡಿದೆ: ನೆಟ್ಟಗಿನ ಅಡಿಕೆ ದಬ್ಬೆಯ ಸುತ್ತ ಒಂದು ವೃತ್ತ, ಬೆಳಿಗ್ಗೆ ಮತ್ತು ಮಧ್ಯಾಹ್ನ ನೆರಳಿನ ತುದಿ ಅದನ್ನು ಮುಟ್ಟುವ ಎರಡು ಗುರುತು, ಅವೆರಡನ್ನು ಸೇರಿಸಿದರೆ ಪೂರ್ವ-ಪಶ್ಚಿಮ. ಮೊದಲ ಸಲ ಕಾಫಿ ಕೆದಕುವವರ ಹಲಗೆಗೆ ಸಿಕ್ಕಿ ಗುರುತು ಅಳಿಸಿತು. ಎರಡನೆಯ ಸಲ ಗೆರೆ ಬಂದರೂ ಅದು ಸುಳ್ಳಾಗಿತ್ತು, ಏಕೆಂದರೆ ಮಳೆನೀರು ಇಳಿಯಲೆಂದು ಕಣಕ್ಕೆ ಕೊಟ್ಟ ವಾಟ ನೆರಳನ್ನು ಒಂದು ಕಡೆಗೆ ಎಳೆಯುತ್ತಿತ್ತು. ಇದನ್ನು ಕಂಡುಕೊಳ್ಳಲು ನನಗೆ ಒಂದು ವರ್ಷವೇ ಹಿಡಿಯಿತು. ಮೂರನೆಯ ಸಲ ರಸಮಟ್ಟ ಇಟ್ಟು ಸಮಮಾಡಿದ ಹಲಗೆಯ ಮೇಲೆ ಅಳೆದು, ಬಂದ ಉತ್ತರ-ದಕ್ಷಿಣವನ್ನು ದಾರ ಕಟ್ಟಿ ಕಣದ ಸಿಮೆಂಟಿನ ಮೇಲೆ ಬಿಳಿ ಬಣ್ಣದಲ್ಲಿ ಎಳೆದೆ. ಖರ್ಚು ಇನ್ನೂರು ರೂಪಾಯಿಯೂ ಆಗಲಿಲ್ಲ. ಪರೀಕ್ಷೆಗೆಂದು ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳಲ್ಲಿ ಮೊದಲು ಹುಟ್ಟುವ ಮಿಂಟಾಕವನ್ನು ನೋಡಿದೆ. ಅದು ಭೂಮಧ್ಯರೇಖೆಯ ನೇರ ಮೇಲೆ ಆಕಾಶದಲ್ಲಿ ಹಾಯುವ ವಿಷುವದ್ವೃತ್ತದ ಮೇಲೆಯೇ ಇರುವುದರಿಂದ ಸರಿಯಾಗಿ ಪೂರ್ವದಲ್ಲಿ ಹುಟ್ಟಬೇಕು. ಎದುರಿನ ದಿಣ್ಣೆ ಐದು ಡಿಗ್ರಿ ಎತ್ತರವಿದ್ದರೆ ಒಂದು ಡಿಗ್ರಿಗಿಂತ ತುಸು ಹೆಚ್ಚು ದಕ್ಷಿಣಕ್ಕೆ ಸರಿದು ಕಾಣುತ್ತದೆ. ಅಷ್ಟನ್ನು ಬಿಟ್ಟುಕೊಟ್ಟ ಮೇಲೆ ಗೆರೆ ಸರಿಯಾಗಿಯೇ ಇತ್ತು.

ಗೆರೆಯ ಮೇಲೆ ಪಾದಗಳನ್ನು ದಕ್ಷಿಣಕ್ಕೆ ಚಾಚಿ ಮಲಗಿದರೆ ಚಳಿಗಾಲದ ಆಕಾಶ ತಾನಾಗಿ ಸಾಲುಗಟ್ಟುತ್ತದೆ. ಎಡಗೈ ಕಡೆಯಿಂದ ಬಂದ ಒಂದೊಂದು ನಕ್ಷತ್ರವೂ ಗೆರೆ ದಾಟಿ ಬಲಕ್ಕೆ ಹೋಗುತ್ತದೆ. ತಲೆಯ ಹಿಂದೆ ಬ್ರಹ್ಮಹೃದಯ (ಕ್ಯಾಪೆಲ್ಲಾ) ಮೊದಲು ದಾಟುತ್ತದೆ, ಮುಕ್ಕಾಲು ಗಂಟೆಯೊಳಗೆ ನೆತ್ತಿಯ ಬಳಿ ಮಹಾವ್ಯಾಧನ ಹೆಗಲಿನ ಆರ್ದ್ರಾ (ಬೀಟಲ್‌ಜ್ಯೂಸ್), ಅದಾದ ಅರ್ಧ ಗಂಟೆಗೆ ಪಾದಗಳ ಮೇಲೆ ಅಗಸ್ತ್ಯ, ಮತ್ತೆ ಇಪ್ಪತ್ತು ನಿಮಿಷಕ್ಕೆ ಲುಬ್ಧಕ. ಆದ್ದರಿಂದ ಆರ್ದ್ರಾ ದಾಟಿದ ಹೊತ್ತನ್ನು ಹಿಡಿದರೆ ಅಗಸ್ತ್ಯನ ಹೊತ್ತು ಕೈಯಲ್ಲಿದ್ದಂತೆ. ಎತ್ತರದ ಲೆಕ್ಕವೂ ಸರಳ: ಅವನು ವಿಷುವದ್ವೃತ್ತದಿಂದ 52.7 ಡಿಗ್ರಿ ದಕ್ಷಿಣಕ್ಕಿದ್ದಾನೆ, ನಾವು 13 ಡಿಗ್ರಿ ಉತ್ತರಕ್ಕಿದ್ದೇವೆ, ಎರಡನ್ನೂ ತೊಂಬತ್ತರಿಂದ ಕಳೆದರೆ ಉಳಿಯುವುದು ಸುಮಾರು 24 ಡಿಗ್ರಿ. ಚಾಚಿದ ಕೈಯ ಗೇಣು ಸುಮಾರು ಇಪ್ಪತ್ತು ಡಿಗ್ರಿಯಾದ್ದರಿಂದ ನೆಲಮಟ್ಟದಿಂದ ಒಂದು ಗೇಣು, ಮೇಲೆ ಎರಡು ಬೆರಳು.

ಕೋನಮಾಪಕಕ್ಕೆ ದಾರ ಮತ್ತು ಗುಂಡು ಕಟ್ಟಿ ಅಳೆದಾಗ ದಕ್ಷಿಣದ ಸಿಲ್ವರ್ ಓಕ್ ಮರಗಳ ತುದಿ ಸುಮಾರು 25 ಡಿಗ್ರಿ ಇತ್ತು, ಅಂದರೆ ಅಗಸ್ತ್ಯ ಅವುಗಳ ಹಿಂದೆಯೇ ಉಳಿಯುತ್ತಿದ್ದ. ಮೇ ತಿಂಗಳಲ್ಲಿ ನೆರಳುಮರಗಳ ಕೊಂಬೆ ಸವರುವ ಮರಗಸಿಯ ಹೊತ್ತಿಗೆ ಸರಿಯಾಗಿ ಗೆರೆಯ ಎದುರಿನ ಎರಡು ಮರಗಳನ್ನು ತಗ್ಗಿಸಿದೆ. ಕೂಲಿ 1,600ರ ಆಸುಪಾಸು ಆಯಿತು. ಮುಷ್ಟಿಯಗಲದ ಕಿಂಡಿ ಬಿಟ್ಟಿತು, ಅದನ್ನು ದಾಟಲು ಅಗಸ್ತ್ಯನಿಗೆ ಒಂದು ಗಂಟೆ ಬೇಕು.

ಇಷ್ಟಾದರೂ ಮುಂದಿನ ಡಿಸೆಂಬರ್ ಪೂರ್ತಿ ವ್ಯರ್ಥವಾಯಿತು. ಆಗ ಅಗಸ್ತ್ಯ ಗೆರೆಗೆ ಬರುವುದು ಮಧ್ಯರಾತ್ರಿಯ ಮೇಲೆ, ಮಂಜು ಅದಕ್ಕೂ ಮೊದಲೇ ಕಣವನ್ನು ಮುಚ್ಚುತ್ತದೆ. ನಕ್ಷತ್ರಗಳು ದಿನಕ್ಕೆ ನಾಲ್ಕು ನಿಮಿಷ ಮುಂಚೆ ಬರುವುದರಿಂದ ಫೆಬ್ರವರಿ ನಡುವಿಗೆ ಆ ಹೊತ್ತು ರಾತ್ರಿ ಒಂಬತ್ತೂ ಹತ್ತಕ್ಕೆ ಇಳಿಯುತ್ತದೆ, ಮಂಜು ಏಳುವ ಮುನ್ನ ಕೆಲಸ ಮುಗಿಯುತ್ತದೆ. ಹೆಚ್ಚು ಚಳಿ ಇದ್ದಾಗಲೇ ಹುಡುಕಬೇಕೆಂಬ ಹಟವೇ ನನ್ನ ದೊಡ್ಡ ತಪ್ಪಾಗಿತ್ತು.

ಕಣ ಕಾಯುವ ರಾತ್ರಿಗಳಲ್ಲಿ ಬೇರೆ ಪ್ರಯೋಗಗಳೂ ನಡೆದವು. 2019ರ ಕೊನೆಯಲ್ಲಿ ಆರ್ದ್ರಾ ಮಂಕಾಗತೊಡಗಿದಾಗ ನಾನು ಪ್ರತಿ ವಾರ ಅದನ್ನು ರೋಹಿಣಿಯೊಡನೆಯೂ ಮಹಾವ್ಯಾಧನ ಇನ್ನೊಂದು ಹೆಗಲಿನ ಬೆಲ್ಲಾಟ್ರಿಕ್ಸ್‌ನೊಡನೆಯೂ ಹೋಲಿಸಿ ಡೈರಿಯಲ್ಲಿ ಬರೆದಿಟ್ಟೆ. 2020ರ ಫೆಬ್ರವರಿಯಲ್ಲಿ ಎರಡು ಹೆಗಲೂ ಹೆಚ್ಚುಕಡಿಮೆ ಸಮನಾಗಿದ್ದವು. ನಕ್ಷತ್ರವೇ ಉಗುಳಿದ ಧೂಳು ಅದನ್ನು ಮರೆಮಾಡಿತ್ತೆಂದು ಆಮೇಲೆ ವಿಜ್ಞಾನಿಗಳು ಹೇಳಿದರು; ಆ ಪುಟಗಳನ್ನು ನಾನು ಜೋಪಾನವಾಗಿ ಇಟ್ಟಿದ್ದೇನೆ. ಈಗ ಕೈಯಲ್ಲಿರುವುದು ಐದು ಸಾವಿರದೊಳಗಿನ 10x50 ಬೈನಾಕ್ಯುಲರ್ ಒಂದೇ. ಇಬ್ಬನಿಯಲ್ಲಿ ಅದರ ಗಾಜು ಮಂಜಾಗದಂತೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ನಾನು ಮಾಡುವ ಉಪಾಯವನ್ನು ಇಲ್ಲಿ ಬರೆಯುವುದಿಲ್ಲ. ಕಣಕ್ಕೆ ಬಂದವರಿಗೆ ತೋರಿಸುತ್ತೇನೆ.

ಭಾವನವರು ಅಂದು ತಾವೇ ಗೇಣು ಹಾಕಿ ಎರಡು ಸಲ ಅಳೆದು ನೋಡಿದರು. ಈಗ ಅವರ ಕಣದಲ್ಲೂ ಗೆರೆ ಎಳೆಯಬೇಕಾಗಿದೆ. ಅಲ್ಲಿ ಸರಿಯಾಗಿ ದಕ್ಷಿಣಕ್ಕೆ ಅವರ ತಂದೆ ನೆಟ್ಟ ಹಲಸಿನ ಮರವಿರುವುದರಿಂದ, ಅದನ್ನು ಮುಟ್ಟದೆ, ಗೆರೆಯನ್ನೇ ಕಣದ ಪಶ್ಚಿಮದ ಅಂಚಿಗೆ ಸರಿಸಿ ಅಳೆಯುತ್ತಿದ್ದೇನೆ.