ಶಿರಸಿ ಕಡೆಯಿಂದ ವೈನ್ ರುಚಿ ನೋಡಲು ಹೊರಡುವವರಿಗೆ

ಮೊದಲು ಗಾಡಿ, ಆಮೇಲೆ ವೈನ್. ಈ ವಿಷಯ ಕೇಳಿಕೊಂಡು ಬರುವವರಿಗೆಲ್ಲ ನಾನು ಹೇಳುವುದು ಇಷ್ಟೇ. ಯಾವ ವೈನರಿ ಚೊಲೋ, ಎಷ್ಟು ಖರ್ಚು, ಊಟ ಹೇಗೆ ಅಂತ ಎಲ್ಲ ವಿಚಾರಿಸುತ್ತಾರೆ. ಬರುವಾಗ ಕಾರು ಹೊಡೆಯುವವರು ಯಾರು ಅಂತ ಮಾತ್ರ ಯಾರೂ ಯೋಚನೆ ಮಾಡಿರುವುದಿಲ್ಲ. ನಾಲ್ಕೈದು ನಮೂನೆ ರುಚಿ ನೋಡಿ ಸ್ಟೇರಿಂಗ್ ಹಿಡಿಯುವ ಹಾಗಿಲ್ಲ. ಸ್ವಂತ ಕಾರು ಅಂಗಳದಲ್ಲೇ ಇರಲಿ.

ನಾನು ಶಿರಸಿಯ ಅಡಿಕೆ ವಖಾರಿಯವನು. ರಾಶಿ, ಬೆಟ್ಟೆ, ಚಾಲಿ ಅಂತ ದಿನವಿಡೀ ಅಡಿಕೆ ವಿಂಗಡಿಸುವ ಕೆಲಸ. ವೈನಿನ ರುಚಿ ಹತ್ತಿಸಿದವನು ಬೆಂಗಳೂರಿನಲ್ಲಿರುವ ನನ್ನ ಭಾವ. ಹಾಗಾಗಿ ನನ್ನ ಲೆಕ್ಕದಲ್ಲಿ ವೈನ್ ಪ್ರವಾಸ ಅಂದರೆ ಬೆಂಗಳೂರು. ಶಿರಸಿಯಿಂದ ಸುಮಾರು 400 ಕಿ.ಮೀ. ಶುಕ್ರವಾರ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಾಗ ಮೆಜೆಸ್ಟಿಕ್. ಕರಾವಳಿಯವರಿಗೆ ಕಾರವಾರದಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ, ಮಲಗಿಕೊಂಡು ಹೋಗಬಹುದು. ಶನಿವಾರ ಒಂದು ವೈನರಿ, ಭಾನುವಾರ ಊರೊಳಗಿನ ತಿರುಗಾಟ, ರಾತ್ರಿ ವಾಪಸ್. ಒಂದೇ ದಿನದಲ್ಲಿ ಎರಡು ವೈನರಿ ಮುಗಿಸುವ ಹಟ ಬೇಡ. ಎರಡನೆಯದರ ಹೊತ್ತಿಗೆ ನಾಲಿಗೆಗೆ ಯಾವುದೂ ಗೊತ್ತಾಗುವುದಿಲ್ಲ.

ಹುಡುಕುವುದು ಹೇಗೆ? ಮೊಬೈಲ್ ಮ್ಯಾಪಿನಲ್ಲಿ ಬರೀ ‘ವೈನ್’ ಅಂತ ಹೊಡೆದರೆ ಕೆಟ್ಟಿರಿ. ನಮ್ಮ ರಾಜ್ಯದ ಮೂಲೆಮೂಲೆಯಲ್ಲಿ ‘ವೈನ್ಸ್’ ಅಂತ ಬೋರ್ಡು ಹಾಕಿಕೊಂಡ ಅಂಗಡಿಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ. ಅಲ್ಲಿ ವಿಸ್ಕಿ, ಬ್ರಾಂದಿ, ರಮ್ಮು ಎಲ್ಲ ಇರುತ್ತದೆ, ವೈನ್ ಇದ್ದರೆ ಧೂಳು ಹಿಡಿದ ಎರಡು ಬಾಟಲಿ. ಅದರ ಬದಲು ‘ವೈನರಿ ಟೂರ್’, ‘ವೈನ್ ಟೇಸ್ಟಿಂಗ್’ ಅಂತ ಹುಡುಕಿ. ಬಂದ ಫಲಿತಾಂಶದಲ್ಲಿ ನಕ್ಷತ್ರ ಎಣಿಸುವುದಕ್ಕಿಂತ ಇತ್ತೀಚೆಗೆ ಹೋದವರು ಹಾಕಿದ ಫೋಟೋ ನೋಡಿ. ಫೋಟೋದಲ್ಲಿ ಸ್ಟೀಲ್ ಟ್ಯಾಂಕು, ಮರದ ಪೀಪಾಯಿ, ಸಾಲಾಗಿಟ್ಟ ಸಣ್ಣ ಗ್ಲಾಸು ಕಂಡರೆ ಅದು ವೈನರಿ. ಬರೀ ಬಣ್ಣದ ದೀಪ, ಡಿಜೆ ಕಂಡರೆ ಅದು ಬಾರು.

ಹೊರದೇಶಗಳಲ್ಲಿ ಊರ ನಡುವೆಯೇ ವೈನರಿ ಇರುತ್ತದೆ. ದ್ರಾಕ್ಷಿಯನ್ನೋ ರಸವನ್ನೋ ದೂರದಿಂದ ತರಿಸಿ ಪೇಟೆಯ ಗೋದಾಮಿನಲ್ಲೇ ಹುದುಗು ಬರಿಸುತ್ತಾರೆ. ನ್ಯೂಯಾರ್ಕಿನ ಸಿಟಿ ವೈನರಿ 2008ರಲ್ಲಿ, ಲಂಡನ್ನಿನ ಲಂಡನ್ ಕ್ರೂ 2013ರಲ್ಲಿ ಶುರುವಾದದ್ದು ಹೀಗೇ. ನಮ್ಮಲ್ಲಿ ವೈನರಿ ಅಂದರೆ ಸಾಮಾನ್ಯವಾಗಿ ತೋಟದ ಪಕ್ಕದ್ದು, ಆದರೆ ಬೆಂಗಳೂರಿಗೆ ದ್ರಾಕ್ಷಿ ತೋಟ ಹತ್ತಿರವೇ ಇರುವುದರಿಂದ ತೊಂದರೆಯಿಲ್ಲ. ದೊಡ್ಡಬಳ್ಳಾಪುರ–ದೇವನಹಳ್ಳಿ ರಸ್ತೆಯ ರಘುನಾಥಪುರದಲ್ಲಿ ಗ್ರೋವರ್ ಜಂಪಾ ಇದೆ, ಬೆಂಗಳೂರಿಂದ ಸುಮಾರು 40 ಕಿ.ಮೀ. ಗ್ರೋವರ್ ಕಂಪನಿ 1988ರಲ್ಲಿ ನಂದಿ ಬೆಟ್ಟದ ಬುಡದಲ್ಲಿ ಹುಟ್ಟಿದ್ದು, 2012ರಲ್ಲಿ ನಾಸಿಕದ ಕಂಪನಿ ಜೊತೆ ಸೇರಿ ಈ ಹೆಸರಾಯಿತು. ಮೈಸೂರು ದಿಕ್ಕಿಗೆ ಹೋದರೆ ಚನ್ನಪಟ್ಟಣದ ಬಳಿ ಡೊಮೇನ್ ಸುಲಾ. ಚನ್ನಪಟ್ಟಣಕ್ಕೆ ರೈಲಿದೆ. ಹೊಸ ಹೆದ್ದಾರಿ ಊರ ಹೊರಗಿಂದ ಹಾದುಹೋಗುವುದರಿಂದ ಬಸ್ಸಿನವರು ಎಲ್ಲಿ ಇಳಿಸುತ್ತಾರೆ ಅಂತ ಹತ್ತುವಾಗಲೇ ಕೇಳಿಕೊಳ್ಳಿ.

ಎಲ್ಲಿಗೇ ಹೋಗಿ, ಗುರುವಾರದೊಳಗೆ ಫೋನ್ ಮಾಡಿ ಜಾಗ ಹಿಡಿದಿಡಿ. ವೀಕೆಂಡಿಗೆ ಬೆಂಗಳೂರೇ ಎದ್ದು ಬಂದಿರುತ್ತದೆ. ಟೂರು ಎಷ್ಟು ಹೊತ್ತಿಗೆ, ಎಷ್ಟು ನಮೂನೆ ಕೊಡುತ್ತೀರಿ, ಊಟ ಸೇರಿದೆಯೋ ಬೇರೆಯೋ, ಮಕ್ಕಳನ್ನು ಒಳಗೆ ಬಿಡುತ್ತೀರೋ ಅಂತ ಕೇಳಿ. ಹೋಗುವಾಗ ಕ್ಯಾಬ್ ಸುಲಭ, ಬರುವಾಗ ಆ ಬಯಲಲ್ಲಿ ಸಿಗುವುದು ಕಷ್ಟ. ಹೋದ ಕ್ಯಾಬಿನವನನ್ನೇ ಕಾಯಿಸಿಕೊಳ್ಳಿ, ಕಾಯುವ ದುಡ್ಡು ಹೆಚ್ಚೇನಲ್ಲ. ಆಧಾರ್ ಜೇಬಿನಲ್ಲಿರಲಿ, 21 ತುಂಬದವರಿಗೆ ಕೊಡುವುದಿಲ್ಲ. ಗಾಂಧಿ ಜಯಂತಿಯ ದಿನ ಎಲ್ಲ ಬಂದ್. ಚುನಾವಣೆ ಇದ್ದರೆ ಮತದಾನ ಮುಗಿಯುವ ತನಕದ 48 ಗಂಟೆಯೂ ಅಷ್ಟೇ.

ಹೋಗುವುದಾದರೆ ಫೆಬ್ರವರಿ, ಮಾರ್ಚಿನಲ್ಲಿ ಹೋಗಿ. ನಮ್ಮ ರಾಜ್ಯದಲ್ಲಿ ವೈನಿನ ದ್ರಾಕ್ಷಿ ಬಳ್ಳಿಯನ್ನು ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಕತ್ತರಿಸಿ ಸವರುತ್ತಾರೆ, ಬೆಳೆ ಮಾತ್ರ ಒಂದೇ. ಮಳೆಗಾಲ ಕಳೆದ ಮೇಲೆ ಸವರಿದ ಬಳ್ಳಿಯಲ್ಲಿ ಬೇಸಿಗೆ ಶುರುವಾಗುವಾಗ ಗೊನೆ ಹಣ್ಣಾಗುತ್ತದೆ. ಆಗ ಹೋದರೆ ಕ್ರೇಟುಗಟ್ಟಲೆ ದ್ರಾಕ್ಷಿ ಬಂದು ಬೀಳುವುದು, ತೊಟ್ಟು ಬಿಡಿಸುವ ಯಂತ್ರ ಓಡುವುದು ಎಲ್ಲ ಕಣ್ಣಾರೆ ಕಾಣುತ್ತದೆ. ಮಳೆಗಾಲದಲ್ಲಿ ಹೋದರೆ ಬರೀ ಎಲೆ ನೋಡಿ ಬರಬೇಕು. ನಮಗೂ ಫೆಬ್ರವರಿ, ಮಾರ್ಚಿನ ಹೊತ್ತಿಗೆ ಅಡಿಕೆ ಕೊಯ್ಲಿನ ಗಡಿಬಿಡಿ ಇಳಿದಿರುತ್ತದೆ. ಮಾರಿಕಾಂಬಾ ಜಾತ್ರೆಯ ವರ್ಷವಾದರೆ ಮಾತ್ರ ಮನೆಯಲ್ಲಿ ಬಿಡುವುದಿಲ್ಲ, ಕೇಳುವುದೂ ಬೇಡ.

ಇನ್ನು ರುಚಿ ನೋಡುವ ಕ್ರಮ. ಹೋಗುವ ಮುಂಚೆ ಹೊಟ್ಟೆ ತುಂಬ ತಿಂದುಕೊಳ್ಳಿ, ಆದರೆ ಕವಳ, ಅಂದರೆ ಎಲೆ-ಅಡಿಕೆ, ಹಾಕಬೇಡಿ. ಸುಣ್ಣ, ತಂಬಾಕು ಸೇರಿ ನಾಲಿಗೆ ಸತ್ತುಹೋಗಿರುತ್ತದೆ. ಸೆಂಟೂ ಬೇಡ, ಪಕ್ಕದವರಿಗೆ ವೈನಿನ ವಾಸನೆಯೇ ಸಿಗುವುದಿಲ್ಲ. ಒಂದೊಂದು ಗ್ಲಾಸಿಗೆ ಸುಮಾರು 30 ಮಿ.ಲೀ. ಹಾಕುತ್ತಾರೆ. ನೊರೆಯದ್ದು ಮೊದಲು, ಆಮೇಲೆ ಬಿಳಿ, ಗುಲಾಬಿ, ಕೆಂಪು, ಕೊನೆಗೆ ಸಿಹಿ. ಈ ಕ್ರಮ ಕೆಡಿಸಬೇಡಿ, ಕೆಂಪಿನ ಮೇಲೆ ಬಿಳಿ ಕುಡಿದರೆ ಅದು ನೀರಿನ ಹಾಗೆ ಆಗುತ್ತದೆ. ಗ್ಲಾಸಿನ ಕಾಲು ಹಿಡಿಯಿರಿ, ಹೊಟ್ಟೆ ಹಿಡಿದರೆ ಕೈ ಬಿಸಿಗೆ ವೈನ್ ಬೆಚ್ಚಗಾಗುತ್ತದೆ. ಒಮ್ಮೆ ತಿರುಗಿಸಿ, ಮೂಗು ಒಳಗಿಟ್ಟು ಮೂಸಿ, ಒಂದು ಗುಟುಕು ಬಾಯಲ್ಲಿ ಆಡಿಸಿ.

ಮೇಜಿನ ಮೇಲೆ ಒಂದು ಸಣ್ಣ ಬಕೆಟ್ ಇಟ್ಟಿರುತ್ತಾರೆ, ಉಗಿಯಲಿಕ್ಕೆ. ಜೀವಮಾನವಿಡೀ ಕವಳ ಉಗಿದು ರೂಢಿ ಇರುವ ನಮ್ಮವರು ಅದನ್ನು ನೋಡಿ ನಾಚಿಕೊಳ್ಳುವುದು ಯಾಕೋ ನನಗೆ ತಿಳಿದಿಲ್ಲ. ರುಚಿ ನೋಡಿ ಉಗಿದರೆ ಕೊನೆಯ ಗ್ಲಾಸಿನ ತನಕ ತಲೆ ನೆಟ್ಟಗಿರುತ್ತದೆ. ನಮ್ಮ ಭಾವ ಮಾತ್ರ ಮೊದಲ ಬಿಳಿಯನ್ನು ಒಂದೇ ಗುಟುಕಿಗೆ ಇಳಿಸಿ, ಹಾಕಿದ ಹುಡುಗಿಗೆ "ಸೋಡಾ ಇಲ್ವಾ?" ಅಂದ. ಆಕೆ ನಗದೆ, "ಸರ್, ಇದಕ್ಕೆ ನೀರನ್ನೂ ಸೇರಿಸುವುದಿಲ್ಲ" ಅಂದಳು. ಕ್ಯಾಬರ್ನೆ ಅನ್ನುವ ದ್ರಾಕ್ಷಿಯ ಕೆಂಪು ವೈನ್ ಬಂದಾಗ ಒಸಡೆಲ್ಲ ಒಣಗಿ, ಅವನು ಮುಖ ಹಿಂಡಿಕೊಂಡು ನನ್ನ ಕಿವಿಯಲ್ಲಿ, "ಥೋ ಮಾರಾಯ, ಚೊಗರು ಕುಡ್ದಂಗೇ ಆತಲ!" ಅಂದ.

ಅವನು ಹೇಳಿದ್ದು ಸರಿ. ಹಸಿ ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ನೀರು, ಅಂದರೆ ಚೊಗರಿನಲ್ಲಿರುವುದೂ ಟ್ಯಾನಿನ್ ಅನ್ನುವ ಒಗರಿನ ಅಂಶ, ಕೆಂಪು ವೈನಿನ ಒಗರೂ ಟ್ಯಾನಿನ್. ವೈನಿಗೆ ಅದು ಬರುವುದು ದ್ರಾಕ್ಷಿಯ ಸಿಪ್ಪೆ, ಬೀಜದಿಂದ, ಸ್ವಲ್ಪ ಓಕ್ ಪೀಪಾಯಿಯಿಂದ. ಬಿಳಿ ವೈನಿಗೆ ರಸ ಹಿಂಡಿ ಸಿಪ್ಪೆ ತೆಗೆದು ಹುದುಗಿಸುತ್ತಾರೆ, ಕೆಂಪಿಗೆ ಸಿಪ್ಪೆಯ ಸಮೇತ. ಬಣ್ಣವೂ ಸಿಪ್ಪೆಯದ್ದೇ. ಹಾಗಾಗಿ ಒಗರು ನಾಲಿಗೆಯ ಯಾವ ಬದಿಗೆ ಹಿಡಿಯಿತು, ಎಷ್ಟು ಹೊತ್ತು ನಿಂತಿತು ಅಂತ ಗಮನ ಕೊಡಿ. ಅಡಿಕೆ ನೋಡಿದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಕೆಂಪಿನ ಜೊತೆ ಒಂದು ತುಂಡು ಚೀಸ್ ತಿಂದರೆ ಒಗರು ಮೆತ್ತಗಾಗುತ್ತದೆ.

ಸಸ್ಯಾಹಾರಿಗಳು ಒಂದು ಪ್ರಶ್ನೆ ತಪ್ಪದೆ ಕೇಳಬೇಕು: ವೈನನ್ನು ತಿಳಿ ಮಾಡಲು ಏನು ಹಾಕಿದ್ದೀರಿ? ಕೆಲವು ಕಡೆ ಮೊಟ್ಟೆಯ ಬಿಳಿ, ಮೀನಿನ ಗಾಳಿಚೀಲದಿಂದ ತೆಗೆದ ಅಂಟು ಬಳಸುತ್ತಾರೆ. ಬೆಂಟೊನೈಟ್ ಅನ್ನುವ ಜೇಡಿಮಣ್ಣು ಹಾಕಿದ್ದರೆ ತೊಂದರೆಯಿಲ್ಲ. ನಮ್ಮ ಅತ್ತಿಗೆ ಇದನ್ನು ಕೇಳಿಯೇ ಗ್ಲಾಸು ಮುಟ್ಟಿದ್ದು.

ಬೆಂಗಳೂರಿನ ತನಕ ಹೋಗಲು ಆಗದವರು ದ್ರಾಕ್ಷಾರಸ ಉತ್ಸವದ ಸುದ್ದಿಗೆ ಕಿವಿ ಕೊಟ್ಟಿರಿ. ರಾಜ್ಯ 2007ರಲ್ಲಿ ವೈನ್ ನೀತಿ ತಂದ ಮೇಲೆ ಹುಟ್ಟಿದ ವೈನ್ ಬೋರ್ಡು ಊರೂರಲ್ಲಿ ಇದನ್ನು ನಡೆಸುತ್ತದೆ, ಹುಬ್ಬಳ್ಳಿಯಲ್ಲೂ ನಡೆದದ್ದುಂಟು. ಹಲವು ಕಂಪನಿಯ ಮಳಿಗೆಗಳು ಒಂದೇ ಕಡೆ. ಗದ್ದಲ ಜಾಸ್ತಿ, ವಿವರಿಸುವವರು ಕಡಿಮೆ, ಆದರೆ ಹೋಲಿಸಿ ನೋಡಲು ಬೇರೆ ಇಂಥ ಜಾಗವಿಲ್ಲ. ಬಾಗಿಲು ತೆರೆದ ಕೂಡಲೇ ಹೋಗಿ.

ಕಾರವಾರದವರು ‘ಗೋವಾ ಇರುವಾಗ ಬೆಂಗಳೂರು ಯಾಕೆ?’ ಅನ್ನುತ್ತಾರೆ. ಗೋವಾದ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಪೋರ್ಟ್ ವೈನ್ ಸಿಹಿ ಪಾನಕ, ಅದನ್ನು ಕುಡಿದು ವೈನಿನ ತೀರ್ಮಾನಕ್ಕೆ ಬರಬೇಡಿ. ಅಲ್ಲಿ ರುಚಿ ನೋಡಬೇಕಾದ್ದು ಗೇರುಹಣ್ಣಿನ ಫೆನಿ, 2009ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ಬೇಸಿಗೆಯಲ್ಲಾದರೆ ಮೊದಲ ಬಟ್ಟಿಯ ಉರಾಕ್. ಕುಡಿಯುವುದನ್ನು ಅಲ್ಲೇ ಕುಡಿದು, ಬಸ್ಸಲ್ಲೋ ರೈಲಲ್ಲೋ ಖಾಲಿ ಕೈಯಲ್ಲಿ ಬನ್ನಿ. ‘ಗೋವಾದಲ್ಲಿ ಮಾತ್ರ ಮಾರಾಟಕ್ಕೆ’ ಅಂತ ಬರೆದ ಬಾಟಲಿ ಚೀಲದಲ್ಲಿಟ್ಟುಕೊಂಡು ಗಡಿಯ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಕೈಕಟ್ಟಿ ನಿಲ್ಲುವ ಫಜೀತಿ ಯಾರಿಗೆ ಬೇಕು?

ಬೆಂಗಳೂರಿನಿಂದ ತರುವುದಾದರೆ ರುಚಿ ಹಿಡಿಸಿದ್ದನ್ನೇ ಒಂದೋ ಎರಡೋ ಬಾಟಲಿ ತನ್ನಿ, ಬಿಲ್ಲು ಜೊತೆಗಿರಲಿ. ಬಟ್ಟೆಯಲ್ಲಿ ಸುತ್ತಿ ಕಾಲ ಬುಡದ ಚೀಲದಲ್ಲಿಡಿ, ಬಿಸಿಲಲ್ಲಿ ನಿಂತ ಗಾಡಿಯ ಡಿಕ್ಕಿಯಲ್ಲಿ ಬೇಡ. ಮನೆಯಲ್ಲಿ ತೆರೆದ ಮೇಲೆ ಬಿರಡೆ ಬಿಗಿದು ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದೊಳಗೆ ಮುಗಿಸಿ, ಕೆಂಪಾದರೂ ಅಷ್ಟೇ.