ಬಲಕ್ಕೆ ಡೆಲವೇರ್ ನದಿ, ಮುಂದೆ 1203

ಡೆಲವೇರ್ ರಾಜ್ಯದಲ್ಲಿ ನನಗೆ ಕಾರಿನ ಲೈಸೆನ್ಸ್ ಸಿಕ್ಕಿದ್ದು 2014ರ ಮಾರ್ಚ್‌ನಲ್ಲಿ. ಆಗ ನನಗೆ ಮೂವತ್ನಾಲ್ಕು. ಅಲ್ಲಿಯವರೆಗೆ ನಾನು ಓಡಿಸಿದ್ದು ಭದ್ರಾವತಿಯಲ್ಲಿ ಅಪ್ಪನ ಸ್ಕೂಟರ್ ಒಂದೇ. ಕೆಲಸ ಸಿಕ್ಕಿದ್ದು ಫಿಲಡೆಲ್ಫಿಯಾದ ನೇವಿ ಯಾರ್ಡ್‌ನಲ್ಲಿ. ಹಿಂದೆ ಅಮೆರಿಕದ ನೌಕಾಪಡೆಯ ಹಡಗುಕಟ್ಟೆ ಇದ್ದ ಜಾಗ ಅದು, 1996ರಲ್ಲಿ ಮುಚ್ಚಿದ ಮೇಲೆ ಈಗ ಆಫೀಸುಗಳೇ ಜಾಸ್ತಿ. ಮನೆ ವಿಲ್ಮಿಂಗ್ಟನ್ ಪಕ್ಕದ ನ್ಯೂಪೋರ್ಟ್‌ನಲ್ಲಿ. ನಡುವೆ ಮೂವತ್ತು ಮೈಲಿ ಹತ್ತಿರ. ಬಸ್ಸು, ರೈಲು ಅಂತ ಸೇರಿಸಿ ಹೋದರೆ ಎರಡು ತಾಸು ಹಿಡಿಯುತ್ತಿತ್ತು. ಹಾಗಾಗಿ ಹೈವೇ ಕಲಿಯಲೇಬೇಕಾಯಿತು.

ದಾರಿ ಸುಲಭ. ಮೊದಲು ಇಂಟರ್‌ಸ್ಟೇಟ್ 495. ಅದು ವಿಲ್ಮಿಂಗ್ಟನ್ ಊರೊಳಗೆ ಹೋಗದೆ ನದಿ ಬದಿಯಲ್ಲೇ ಸುತ್ತಿಕೊಂಡು ಕ್ಲೇಮಾಂಟ್ ಹತ್ತಿರ ದೊಡ್ಡ ಹೈವೇ ಇಂಟರ್‌ಸ್ಟೇಟ್ 95ಕ್ಕೆ ಸೇರುತ್ತದೆ. ಅಲ್ಲಿಂದ ಪೆನ್ಸಿಲ್ವೇನಿಯಾ ಗಡಿ ದಾಟಿ ನೆಟ್ಟಗೆ ಹೋದರೆ ನಾನು ಹೈವೇಯಿಂದ ಇಳಿಯುವ ಎಕ್ಸಿಟ್ 17, ಬ್ರಾಡ್ ಸ್ಟ್ರೀಟ್. ಬಲಗಡೆ ಉದ್ದಕ್ಕೂ ಡೆಲವೇರ್ ನದಿ. ಆದರೆ ನೀರು ಕಾಣುವುದು ಕಡಿಮೆ. ನದಿಗೂ ರಸ್ತೆಗೂ ನಡುವೆ ಬಂದರು, ಕಸದ ಗುಡ್ಡ, ವಿದ್ಯುತ್ ಸ್ಥಾವರ, ಎಣ್ಣೆ ಟ್ಯಾಂಕುಗಳು, ಹೊಗೆ ಕೊಳವೆಗಳು.

ಎದುರು ಮನೆಯಲ್ಲಿ ಮೈಸೂರಿನ ಅಕ್ಕ ಒಬ್ಬರಿದ್ದರು. ಇಪ್ಪತ್ತು ವರ್ಷದಿಂದ ಇದೇ ರಸ್ತೆಯಲ್ಲಿ ಓಡಾಡಿದವರು. ಮೊದಲ ಭಾನುವಾರ ಬೆಳಗ್ಗೆ ಪಕ್ಕದಲ್ಲಿ ಕೂತು ನನ್ನ ಫೋನ್ ತೆಗೆದು ತಮ್ಮ ಬ್ಯಾಗಿಗೆ ಹಾಕಿಕೊಂಡರು.

"ಅಕ್ಕ, ದಾರಿ?"

"ದಾರಿ ಇರೋದೇ ಒಂದು ಕಣೇ. ಮುಂದಿರೋ ಲಾರಿ ಎಲ್ಲಿ ಇಳಿಯತ್ತೆ ಅಂತ ಗೊತ್ತಾದ್ರೆ ಸಾಕು, ಯಾವ ಲೇನಲ್ಲಿ ಇರ್ಬೇಕು ಅಂತ ತಾನೇ ಗೊತ್ತಾಗತ್ತೆ."

ಆಗ ನಾನು ನಕ್ಕೆ. ನನ್ನ ಭಯವೆಲ್ಲ ಹೈವೇಗೆ ಹತ್ತಿ ಸೇರುವ ರಸ್ತೆ, ಅಂದರೆ ರ‍್ಯಾಂಪ್ ಮೇಲೆ. ಗಂಟೆಗೆ 65 ಮೈಲಿ ಮಿತಿ ಇರುವ ರಸ್ತೆಗೆ ನಾನು 40ರಲ್ಲಿ ಸೇರಲು ಹೋಗುತ್ತಿದ್ದೆ. ಹಿಂದಿನವರು ಹಾರ್ನ್ ಹೊಡೆದರೆ ಬ್ರೇಕ್ ಮೇಲೆ ಕಾಲು. "ನಿಧಾನ ಹೋದ್ರೆ ಸೇಫ್ ಅನ್ನೋದು ನಮ್ಮೂರಲ್ಲಿ. ಇಲ್ಲಿ ಒತ್ತು," ಅಂದರು ಅಕ್ಕ. ರ‍್ಯಾಂಪ್ ಮುಗಿಯುವ ಮೊದಲೇ ರಸ್ತೆಯ ವೇಗಕ್ಕೆ ಬಂದಿರಬೇಕು, ಕನ್ನಡಿ ನೋಡಿ, ಒಮ್ಮೆ ಭುಜದ ಮೇಲಿಂದ ನೋಡಿ, ಸೇರಿಬಿಡಬೇಕು. ಇದು ಕೈಗೆ ಬರಲು ನನಗೆ ಮೂರು ಭಾನುವಾರ ಹಿಡಿಯಿತು.

ಅಷ್ಟರಲ್ಲಿ ರಸ್ತೆಯೇ ಇಲ್ಲವಾಯಿತು. 2014ರ ಜೂನ್ 2, ಸೋಮವಾರ. ಕ್ರಿಸ್ಟಿನಾ ನದಿಯ ಮೇಲಿನ 495ರ ಸೇತುವೆ ಬಂದ್. ಕೆಳಗಿನ ಕಂಬಗಳು ಕಣ್ಣಿಗೆ ಕಾಣುವಷ್ಟು ವಾಲಿದ್ದವು. ಪಕ್ಕದ ಜಾಗದಲ್ಲಿ ಯಾರೋ ಸುಮಾರು 50,000 ಟನ್ ಮಣ್ಣು ರಾಶಿ ಹಾಕಿದ್ದರು. ನದಿ ಬದಿಯ ಮೆತ್ತನೆ ನೆಲ ಆ ಭಾರಕ್ಕೆ ಜರುಗಿ ಕಂಬಗಳನ್ನೂ ತಳ್ಳಿತ್ತು. ಹತ್ತಿರದಲ್ಲಿ ಬೇರೆ ಕೆಲಸಕ್ಕೆ ಬಂದಿದ್ದ ಎಂಜಿನಿಯರ್ ಒಬ್ಬರು ಅದನ್ನು ಕಂಡು ತಿಳಿಸಿದ್ದರಂತೆ. ದಿನಕ್ಕೆ ಸುಮಾರು 90,000 ಗಾಡಿ ಓಡಾಡುವ ಸೇತುವೆ ಅದು. ಎರಡೂ ಕಡೆ ಪೂರ್ತಿ ತೆರೆಯುವಾಗ ಆಗಸ್ಟ್ ಬಂದಿತ್ತು. ಆ ಬೇಸಿಗೆಯಿಡೀ ಎಲ್ಲರೂ ಊರೊಳಗಿನ 95ಕ್ಕೆ ನುಗ್ಗಿದರು, ನಾನೂ ಸೇರಿ. ಇಂಚಿಂಚಾಗಿ ತೆವಳುವ ಟ್ರಾಫಿಕ್ಕಲ್ಲಿ ಲೇನ್ ಬದಲಿಸುವುದು ಚೆನ್ನಾಗಿ ಅಭ್ಯಾಸವಾಯಿತು. ವೇಗ ಇಲ್ಲದ ಕಡೆ ಭಯವೂ ಕಡಿಮೆ, ಅಲ್ವಾ.

ಸೇತುವೆ ತೆರೆದ ಮೇಲೆ 495ರಲ್ಲಿ ಒಬ್ಬಳೇ ಹೋಗಲು ಶುರು ಮಾಡಿದೆ. ಆಗ ಅಕ್ಕನ ಮಾತು ಅರ್ಥವಾಗತೊಡಗಿತು.

ವಿಲ್ಮಿಂಗ್ಟನ್ ಬಂದರು ಬಾಳೆಹಣ್ಣಿಗೆ ಹೆಸರುವಾಸಿ. ಮಧ್ಯ ಅಮೆರಿಕದಿಂದ ಹಡಗಿನಲ್ಲಿ ಬಂದ ಹಣ್ಣು ಅಲ್ಲಿಂದ ತಂಪು ಪೆಟ್ಟಿಗೆಯ ಲಾರಿಗಳಲ್ಲಿ ಹೊರಡುತ್ತದೆ. ಈ ಲಾರಿಗಳು ತುಂಬಿರುತ್ತವೆ, ಏರಿನಲ್ಲಿ ನಿಧಾನ. ಅವುಗಳ ಹಿಂದೆ ಸಿಕ್ಕಿಕೊಂಡರೆ ಅಲ್ಲೇ ಇರಬೇಡಿ, ಬೇಗ ದಾಟಿ. ಆಮೇಲೆ ಬಲಕ್ಕೆ ಚೆರ್ರಿ ಐಲ್ಯಾಂಡ್. ಹೆಸರು ಕೇಳಿ ಮೋಸ ಹೋಗಬೇಡಿ, ಅದು ಕಸದ ಗುಡ್ಡ. ಮೇಲೆ ಬಿಳಿ ಹಕ್ಕಿಗಳು ಸುತ್ತುತ್ತಿರುತ್ತವೆ. ಬೇಸಿಗೆಯಲ್ಲಿ ಕಿಟಕಿ ಮುಚ್ಚಿದ್ದರೂ ವಾಸನೆ ಒಳಗೆ ಬರುತ್ತದೆ.

ನನಗೆ ಇಂಥ ವಾಸನೆ ಹೊಸದಲ್ಲ. ಭದ್ರಾವತಿಯಲ್ಲಿ ಪೇಪರ್ ಮಿಲ್ ಓಡುತ್ತಿದ್ದಾಗ ಬಸ್ಸಿನಲ್ಲಿ ನಿದ್ದೆ ಹೋಗಿದ್ದವರೂ ಮೂಗಿನಿಂದಲೇ ಊರು ಬಂತು ಅಂತ ಎಚ್ಚರಾಗುತ್ತಿದ್ದರು. ಭದ್ರಾ ನದಿ ಬದಿಯಲ್ಲಿ ಒಂದು ಕಡೆ ಕಬ್ಬಿಣ, ಒಂದು ಕಡೆ ಕಾಗದ. ಕ್ಲೇಮಾಂಟ್‌ನಲ್ಲಿ ನದಿ ಕಡೆಗೆ ಒಂದು ಉಕ್ಕಿನ ಕಾರ್ಖಾನೆ ನಿಂತಿತ್ತು. ನಾನು ಓಡಾಡಲು ಶುರು ಮಾಡುವ ಹಿಂದಿನ ವರ್ಷ, 2013ರಲ್ಲಿ ಅದು ಮುಚ್ಚಿತ್ತು. ದಿನಾ ಅದರ ಪಕ್ಕ ಹೋಗುವಾಗ ಅಪ್ಪನ ಶಿಫ್ಟಿನ ಸೈರನ್ ನೆನಪಾಗುತ್ತಿತ್ತು.

ಗಡಿ ದಾಟಿದ ಕೂಡಲೇ ಮಾರ್ಕಸ್ ಹುಕ್, ಟ್ರೈನರ್ ಅನ್ನುವ ಊರುಗಳು. ಇಲ್ಲಿಂದ ಟ್ಯಾಂಕರ್‌ಗಳ ರಾಜ್ಯ. ಮಾರ್ಕಸ್ ಹುಕ್‌ನಲ್ಲಿ ಹಿಂದೆ ಎಣ್ಣೆ ಸಂಸ್ಕರಣೆ ಇತ್ತು, ಈಗ ಪ್ರೊಪೇನ್, ಈಥೇನ್ ಹಡಗಿಗೆ ತುಂಬುತ್ತಾರೆ. ಟ್ರೈನರ್‌ನ ರಿಫೈನರಿಯನ್ನು 2012ರಲ್ಲಿ ಡೆಲ್ಟಾ ವಿಮಾನ ಕಂಪನಿ ತನ್ನ ಅಂಗಸಂಸ್ಥೆಯ ಮೂಲಕ ಕೊಂಡುಕೊಂಡಿತು. ವಿಮಾನದವರೇ ಎಣ್ಣೆ ಕಾರ್ಖಾನೆ ಇಟ್ಟುಕೊಂಡಿದ್ದಾರೆ ಅಂತ ಊರಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ಟ್ಯಾಂಕರ್‌ಗಳ ಹಿಂದೆ, ಪಕ್ಕದಲ್ಲಿ ವಜ್ರದ ಆಕಾರದ ಕೆಂಪು ಫಲಕ ಇರುತ್ತದೆ, ನಡುವೆ ನಾಲ್ಕಂಕಿ. 1203 ಅಂದರೆ ಪೆಟ್ರೋಲ್. 1075 ಅಂದರೆ ಅಡುಗೆ ಗ್ಯಾಸ್ ಥರದ್ದು. 1863 ಅಂದರೆ ವಿಮಾನದ ಇಂಧನ. ಮೊದಲು ಇದನ್ನು ಸುಮ್ನೆ ಆಟದ ಥರ ಓದುತ್ತಿದ್ದೆ. ಆಮೇಲೆ ಉಪಯೋಗಕ್ಕೆ ಬಂತು. 1863 ನೋಡಿದರೆ ಏರ್‌ಪೋರ್ಟ್ ಕಡೆ ಇಳಿಯಬಹುದು ಅಂತ ಒಂದು ಲೆಕ್ಕ. ಯಾವ ನಂಬರ್ ಇದ್ದರೂ ಅದರ ಪಕ್ಕಕ್ಕೆ ಸಮನಾಗಿ ಓಡಿಸುತ್ತಾ ಕೂರುವುದಿಲ್ಲ. ಟ್ಯಾಂಕರ್ ಓಡಿಸುವವನ ಕನ್ನಡಿಯಲ್ಲಿ ಅವನ ಮುಖ ನನಗೆ ಕಾಣದಿದ್ದರೆ ನಾನೂ ಅವನಿಗೆ ಕಾಣುತ್ತಿಲ್ಲ ಅಂತ ಅರ್ಥ. ಮುಂದೆ ಹೋಗಬೇಕು, ಇಲ್ಲ ಹಿಂದೆ ಉಳಿಯಬೇಕು. ಟ್ಯಾಂಕರ್‌ನವರು ಮುಂದೆ ಜಾಸ್ತಿ ಜಾಗ ಬಿಟ್ಟು ಓಡಿಸುತ್ತಾರೆ. ಖಾಲಿ ಇದೆ ಅಂತ ಆ ಜಾಗಕ್ಕೆ ನುಗ್ಗುವವರನ್ನು ಕಂಡರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ. ಒಳಗೆ ದ್ರವ ಇರುತ್ತದೆ, ಬ್ರೇಕ್ ಹಾಕಿದರೆ ಅದು ಮುಂದಕ್ಕೆ ನುಗ್ಗುತ್ತದೆ. ಕಾರಿನಷ್ಟು ಬೇಗ ಅದು ನಿಲ್ಲುವುದಿಲ್ಲ.

ಚೆಸ್ಟರ್ ಈ ದಾರಿಯ ಕಷ್ಟದ ಜಾಗ. ನ್ಯೂಜೆರ್ಸಿಗೆ ಹೋಗುವ ಕಮಡೋರ್ ಬ್ಯಾರಿ ಸೇತುವೆ ಇಲ್ಲಿದೆ. 322ನೇ ರಸ್ತೆ 95ರೊಳಗೆ ಬಂದು, ಮೈಲಿ ದೂರ ಜೊತೆಗೆ ಓಡಿ, ಮತ್ತೆ ಸೇತುವೆ ಕಡೆಗೆ ಬಿಟ್ಟು ಹೋಗುತ್ತದೆ. ಅಷ್ಟರಲ್ಲಿ ಬರುವವರು, ಹೋಗುವವರು ಒಬ್ಬರನ್ನೊಬ್ಬರು ಹೆಣೆದುಕೊಂಡು ದಾಟಬೇಕು. ಜಡೆ ಹಾಕಿದ ಹಾಗೆ. ಅದರ ಮೇಲೆ ಕಸದ ಟ್ರೇಲರ್‌ಗಳು. ದೇಶದ ಅತಿ ದೊಡ್ಡ ಕಸ ಸುಡುವ ಘಟಕಗಳಲ್ಲಿ ಒಂದು ಚೆಸ್ಟರ್‌ನಲ್ಲಿದೆ. ದೂರದೂರದ ಊರಿನ ಕಸ ಇಲ್ಲಿಗೆ ಬರುತ್ತದೆ. ಚೆಸ್ಟರ್‌ನವರ ಪಾಡು ಕೇಳುವವರಿಲ್ಲ, ಅದು ಬೇರೆ ಮಾತು. ನಾನು ಮಾಡುವುದಿಷ್ಟೇ. ಗಡಿ ದಾಟಿದ ಮೇಲೆ ನಡುವಿನ ಲೇನಿಗೆ ಬಂದು, ಚೆಸ್ಟರ್ ಮುಗಿಯುವವರೆಗೆ ಅಲ್ಲಿಂದ ಅಲ್ಲಾಡುವುದಿಲ್ಲ. ಯಾರಾದರೂ ಇಂಡಿಕೇಟರ್ ಹಾಕಿದರೆ ಕಾಲು ಸ್ವಲ್ಪ ಎತ್ತಿ ಬಿಟ್ಟುಕೊಡುತ್ತೇನೆ.

ಚೆಸ್ಟರ್ ದಾಟಿದರೆ ರಿಡ್ಲಿ ಪಾರ್ಕ್, ಬೋಯಿಂಗ್‌ನ ಹೆಲಿಕಾಪ್ಟರ್ ಕಾರ್ಖಾನೆ. ತಲೆ ಮೇಲೆ ಎರಡು ದೊಡ್ಡ ಫ್ಯಾನ್ ಇರುವ ಚಿನೂಕ್ ಇಲ್ಲೇ ಆಗುವುದು. ಭಾರತದ ವಾಯುಪಡೆ ಕೊಂಡ 15 ಚಿನೂಕ್‌ಗಳೂ ಇಲ್ಲಿಯವೇ. ಚಿನೂಕ್‌ನ ಹಿಂಬದಿಯ ಫ್ಯಾನ್ ಕೂರುವ ಗೋಪುರದಂಥ ಭಾಗವನ್ನು ಬೆಂಗಳೂರಿನ ಡೈನಮ್ಯಾಟಿಕ್ ಕಂಪನಿ ಮಾಡಿ ಕಳಿಸುತ್ತದೆ ಅಂತ ಗೊತ್ತಾದ ದಿನದಿಂದ ನನಗೆ ಅದರ ಮೇಲೆ ಒಂಥರಾ ಮಮತೆ. ಆ ಮಮತೆಯೇ ಒಂದು ಬೆಳಗ್ಗೆ ಎಡವಟ್ಟು ಮಾಡಿತು. ಒಂದು ಚಿನೂಕ್ ಮೇಲೇಳುತ್ತಿತ್ತು. ನೋಡುತ್ತಾ ಇದ್ದೆ. ಕಣ್ಣು ಕೆಳಗೆ ಬಂದಾಗ ಮುಂದೆ ಬರೀ ಕೆಂಪು ದೀಪಗಳು. ಬ್ರೇಕ್ ಮೇಲೆ ನಿಂತೇಬಿಟ್ಟೆ. ಮುಂದಿನ ಕಾರಿಗೂ ನನಗೂ ಒಂದು ಮೊಳ ಅಂತರ. ಪಕ್ಕದ ಸೀಟಿನ ಡಬ್ಬಿ ಬಿದ್ದು ಬಿಸಿಬೇಳೆಬಾತ್ ಎಲ್ಲ ಕೆಳಗೆ ಚೆಲ್ಲಿತ್ತು. ಕಾರಿನಲ್ಲಿ ಒಂದು ವಾರ ಇಂಗಿನ ಘಮ.

ಬಿಸಿಲಿನ ವಿಷಯ ಯಾರೂ ನನಗೆ ಹೇಳಿರಲಿಲ್ಲ. ಈ ರಸ್ತೆಗೆ ಹೆಸರು ಉತ್ತರ-ದಕ್ಷಿಣ, ಆದರೆ ಇಲ್ಲಿ ಅದು ನದಿಯ ಜೊತೆ ಈಶಾನ್ಯಕ್ಕೆ ಓಡುತ್ತದೆ. ಜೂನ್ ಬೆಳಗ್ಗೆ ಸೂರ್ಯ ಮುಖಕ್ಕೆ. ಡಿಸೆಂಬರ್ ಸಂಜೆ ನಾಲ್ಕೂವರೆಗೆ ವಾಪಸ್ ಬರುವಾಗ ಮುಳುಗುವ ಸೂರ್ಯನೂ ಮುಖಕ್ಕೇ. ಚಳಿಗಾಲದಲ್ಲಿ ರಸ್ತೆಗೆ ಹಾಕಿದ ಉಪ್ಪು ಗಾಜಿನ ಮೇಲೆ ಬೆಳ್ಳಗೆ ಕೂತಿರುತ್ತದೆ. ಅದರ ಮೇಲೆ ಈ ಬಿಸಿಲು ಬಿದ್ದರೆ ಏನೂ ಕಾಣುವುದಿಲ್ಲ. ಕಪ್ಪು ಕನ್ನಡಕ, ತುಂಬಿದ ವೈಪರ್ ನೀರು, ಒಳಗಡೆಯಿಂದಲೂ ಒರೆಸಿದ ಗಾಜು. ಈ ಮೂರಿಲ್ಲದೆ ನಾನು ಡಿಸೆಂಬರ್‌ನಲ್ಲಿ ಹೊರಡುವುದಿಲ್ಲ.

ಏರ್‌ಪೋರ್ಟ್‌ಗೆ ಮೊದಲು ಎಡಕ್ಕೆ ಟಿನಿಕಮ್ ಜೌಗು. ಈ ಹೈವೇಯನ್ನು ಅದರೊಳಗೇ ಹಾಯಿಸಲು ಹೊರಟಿದ್ದರಂತೆ. ಜನ ಹೋರಾಡಿದ ಮೇಲೆ ಪಕ್ಕಕ್ಕೆ ಸರಿಸಿದರು. ಈಗ ಅದು ಪಕ್ಷಿಧಾಮ. ಬಿಳಿ ತಲೆಯ ಹದ್ದುಗಳು ಗೂಡು ಕಟ್ಟುತ್ತವೆ. ಬೆಳಗಿನ ಮಂಜು ಬರುವುದೂ ಈ ಕಡೆಯಿಂದಲೇ.

ಏರ್‌ಪೋರ್ಟ್ ದಾಟಿದ ಮೇಲೆ ಗಿರಾರ್ಡ್ ಪಾಯಿಂಟ್ ಸೇತುವೆ. ಸ್ಕೂಲ್ಕಿಲ್ ನದಿ ಡೆಲವೇರ್‌ಗೆ ಸೇರುವ ಹತ್ತಿರ, ಎರಡು ಅಂತಸ್ತಿನ ಉಕ್ಕಿನ ಸೇತುವೆ. ಹಡಗು ಕೆಳಗೆ ಹೋಗಬೇಕಲ್ಲ, ಅದಕ್ಕೇ ಅಷ್ಟು ಎತ್ತರ. ಗಾಳಿ ಜೋರಿದ್ದ ದಿನ ಪಕ್ಕದ ಖಾಲಿ ಟ್ರೇಲರ್ ತೂಗಾಡುವುದು ಕಾಣುತ್ತದೆ. ಎರಡೂ ಕೈ ಸ್ಟೀರಿಂಗ್ ಮೇಲೆ ಇರಲಿ. ಚಳಿಗಾಲದಲ್ಲಿ ರಸ್ತೆಗಿಂತ ಮೊದಲು ಸೇತುವೆ ಹೆಪ್ಪುಗಟ್ಟುತ್ತದೆ, ಕೆಳಗಿನಿಂದಲೂ ಗಾಳಿ ತಗಲುವುದರಿಂದ. ಅಲ್ಲಿ ಬ್ರೇಕ್ ಬೇಡ, ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಕು.

ಆ ಸೇತುವೆಯ ಎಡಕ್ಕೆ ಅಮೆರಿಕದ ಪೂರ್ವ ಕರಾವಳಿಯ ಅತಿ ದೊಡ್ಡ ರಿಫೈನರಿ ಇತ್ತು. ದಿನಕ್ಕೆ 3,35,000 ಬ್ಯಾರೆಲ್. 2019ರ ಜೂನ್ 21, ಶುಕ್ರವಾರ ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಅಲ್ಲಿ ಸ್ಫೋಟವಾಯಿತು. ತುಕ್ಕು ಹಿಡಿದು ತೆಳುವಾಗಿದ್ದ ಒಂದು ಪೈಪಿನ ಮೊಣಕೈಯಂಥ ಬಾಗು ಒಡೆದಿತ್ತು. 17 ಟನ್ ತೂಕದ ಒಂದು ಉಕ್ಕಿನ ತುಂಡು ಹಾರಿ ನದಿ ದಾಟಿ ಆಚೆ ದಡದಲ್ಲಿ ಬಿದ್ದಿತ್ತು. ಯಾರೂ ಸಾಯದೇ ಹೋದದ್ದು ಪುಣ್ಯ. ಬೆಳಗ್ಗೆ ಏರ್‌ಪೋರ್ಟ್ ಹತ್ತಿರ ಬರುವಾಗಲೇ ಕಪ್ಪು ಹೊಗೆ ಕಂಡಿತು. ರೇಡಿಯೋ ಹಾಕಿದೆ, ವಿಷಯ ತಿಳಿಯಿತು, ಮೊದಲು ಸಿಕ್ಕ ಎಕ್ಸಿಟ್‌ನಲ್ಲಿ ಇಳಿದು ಮನೆಗೆ ತಿರುಗಿದೆ. ಆಫೀಸಿಗೆ ಫೋನ್ ಮಾಡಿದ್ದು ಆಮೇಲೆ. ಆ ರಿಫೈನರಿ ಮತ್ತೆ ತೆರೆಯಲಿಲ್ಲ.

ನಾನು ಮಾಡಿದ ತಪ್ಪಿನಲ್ಲಿ ದುಬಾರಿಯಾದದ್ದು ಮಾತ್ರ ತಮಾಷೆಯದು. ಮೊದಲ ವರ್ಷ ಒಂದು ದಿನ ಎಕ್ಸಿಟ್ 17 ತಪ್ಪಿತು. ಗಾಬರಿಯಲ್ಲಿ 19ರಲ್ಲಿ ಇಳಿದೆ. ಮುಂದಿನ ಕಾರು ಹೋದ ಕಡೆ ಹೋದೆ. ವಾಲ್ಟ್ ವಿಟ್ಮನ್ ಸೇತುವೆ ಹತ್ತಿಬಿಟ್ಟಿದ್ದೆ. ಅಲ್ಲಿ ತಿರುಗಿಸಲು ಆಗುವುದಿಲ್ಲ, ನೆಟ್ಟಗೆ ನ್ಯೂಜೆರ್ಸಿ. ಹೋಗುವಾಗ ದುಡ್ಡಿಲ್ಲ, ವಾಪಸ್ ಬರುವಾಗ ಐದು ಡಾಲರ್. ಟೋಲ್‌ನವನು "ಗುಡ್ ಮಾರ್ನಿಂಗ್" ಅಂದ. ನಾನು ಹತ್ತು ಡಾಲರ್ ಕೊಟ್ಟು ಚಿಲ್ಲರೆ ತೆಗೆದುಕೊಳ್ಳದೆ ಬಂದುಬಿಟ್ಟೆ. ಎಕ್ಸಿಟ್ ತಪ್ಪಿದರೆ ತಪ್ಪಲಿ, ಮುಂದಿನದರಲ್ಲಿ ಬೋರ್ಡ್ ಓದಿಕೊಂಡು ಇಳಿಯಬೇಕು ಅಂತ ಆಮೇಲೆ ಅಕ್ಕ ಹೇಳಿದರು. ಪೆನ್ಸಿಲ್ವೇನಿಯಾದಲ್ಲಿ ಎಕ್ಸಿಟ್ ನಂಬರ್ ಅಂದರೆ ಮೈಲಿ ಲೆಕ್ಕ. 12ರ ಬೋರ್ಡ್ ಕಂಡರೆ 17ಕ್ಕೆ ಇನ್ನೂ ಐದು ಮೈಲಿ ಇದೆ. ಇದು ಗೊತ್ತಿದ್ದರೆ ಕೊನೇ ಗಳಿಗೆಯಲ್ಲಿ ಲೇನ್ ಹಾರುವ ಪ್ರಮೇಯ ಬರುವುದಿಲ್ಲ.

2023ರ ಜೂನ್ 11, ಭಾನುವಾರ. ನಾನು ಇಳಿಯುವ ಜಾಗದಿಂದ ಹದಿಮೂರು ಮೈಲಿ ಮುಂದೆ, ಎಕ್ಸಿಟ್ 30ರ ಕೆಳಗೆ ಪೆಟ್ರೋಲ್ ಟ್ಯಾಂಕರ್ ಉರುಳಿ ಉರಿದು 95ರ ಸೇತುವೆಯೇ ಕುಸಿಯಿತು. ಅದರ ಚಾಲಕ ತೀರಿಕೊಂಡ. ಟಿವಿಯಲ್ಲಿ ನೋಡುವಾಗ ನನ್ನ ತಲೆಯಲ್ಲಿ ಇದ್ದದ್ದು 1203 ಅನ್ನುವ ಅಂಕಿ ಒಂದೇ. ಎಷ್ಟು ವರ್ಷ ಅದರ ಹಿಂದೆ ಓಡಿಸಿದ್ದೇನೆ.

ಹೊಸ ಸೇತುವೆ ಕಟ್ಟುವವರೆಗೆ ಕಾಯದೆ, ಆ ಗುಂಡಿಯನ್ನೇ ತುಂಬಿ ಮೇಲೆ ರಸ್ತೆ ಹಾಕಿದರು. ತುಂಬಿದ್ದು ಹಳೆ ಬಾಟಲಿಗಳ ಗಾಜನ್ನು ಪುಡಿ ಮಾಡಿ, ಕಾಯಿಸಿ ಉಬ್ಬಿಸಿದ ಹಗುರ ಕಲ್ಲು. ಅದನ್ನು ತಯಾರಿಸುವುದು ಚೆಸ್ಟರ್ ಪಕ್ಕದ ಎಡಿಸ್ಟೋನ್‌ನಲ್ಲಿ, ನನ್ನ ದಾರಿಯಲ್ಲೇ. ಆ ವಾರ ಪೊಲೀಸ್ ಕಾರಿನ ಹಿಂದೆ ಸಾಲಾಗಿ ಟಿಪ್ಪರ್‌ಗಳು ಹೋಗುವುದನ್ನು ನೋಡಿದೆ. ಎಲ್ಲರೂ ದಾರಿ ಬಿಡುತ್ತಿದ್ದರು. ಹನ್ನೆರಡೇ ದಿನಕ್ಕೆ, ಜೂನ್ 23ಕ್ಕೆ ರಸ್ತೆ ತೆರೆಯಿತು.

ಈಗ ತಂಗಿಯ ಮಗಳು ಓದಲು ಇಲ್ಲಿಗೆ ಬಂದಿದ್ದಾಳೆ. ಲೈಸೆನ್ಸ್ ಸಿಕ್ಕ ವಾರ ಭಾನುವಾರ ಬೆಳಗ್ಗೆ ಏಳಕ್ಕೆ ಅವಳನ್ನು ಕರೆದುಕೊಂಡು ಹೊರಟೆ. ಫೋನ್ ನನ್ನ ಬ್ಯಾಗಿನಲ್ಲಿ. ಚೆಸ್ಟರ್‌ವರೆಗೆ ಉಸಿರು ಬಿಡದೆ ಓಡಿಸಿದಳು. ಗಿರಾರ್ಡ್ ಪಾಯಿಂಟ್ ಮೇಲೆ ಬಂದಾಗ ಸ್ವಲ್ಪ ಧೈರ್ಯ ಬಂದಿತ್ತು. ಎಡಕ್ಕೆ ಕಣ್ಣು ಹಾಯಿಸಿದಳು.

"ದೊಡ್ಡಮ್ಮ, ಅಷ್ಟು ದೊಡ್ಡ ಜಾಗ ಯಾಕೆ ಖಾಲಿ ಇದೆ?"

"ಇಳಿದ ಮೇಲೆ ಹೇಳ್ತೀನಿ. ಕಣ್ಣು ಮುಂದೆ ಇರಲಿ, 17 ಬಂತು. ಇಂಡಿಕೇಟರ್ ಹಾಕು."

ಅವಳು ವೈಪರ್ ಹಾಕಿದಳು.